‘4ಕೆ ರೀಮಾಸ್ಟರ್’ ಎಂದು ಬರೆದ ಹಳೆಯ ರಾಕ್ ಕಾನ್ಸರ್ಟ್ ಡಿಸ್ಕ್ ಕೊಳ್ಳುವ ಮುಂಚೆ ಇದನ್ನು ಓದಿ

ಹಳೆಯ ರಾಕ್ ಕಾನ್ಸರ್ಟ್‌ಗಳ ಬ್ಲೂ-ರೇ ಹುಡುಕುವವರ ಕಣ್ಣಿಗೆ ಈಚೆಗೆ ಒಂದೇ ಥರದ ಮಾಲು ಪದೇ ಪದೇ ಬೀಳುತ್ತಿದೆ. ಹೊಳೆಯುವ ಕವರ್, ಅದರ ಮೇಲೆ ‘4ಕೆ ರೀಮಾಸ್ಟರ್’, ‘ಸಂಪೂರ್ಣ ಕಾರ್ಯಕ್ರಮ’, ‘5.1 ಸರೌಂಡ್’ ಎಂಬ ಮೂರು ಭರವಸೆ: ಮೂಲದಿಂದ ಹೊಸದಾಗಿ ತೆಗೆದ ಅತಿ ಸೂಕ್ಷ್ಮ ಚಿತ್ರ, ಒಂದೂ ಬಿಡದ ಹಾಡುಗಳು, ಸುತ್ತಲಿಂದ ಬರುವ ಆರು ಟ್ರ್ಯಾಕ್‌ಗಳ ಧ್ವನಿ. 1970ರ ದಶಕದ ಸ್ಟೇಡಿಯಂ ಕಾರ್ಯಕ್ರಮವೊಂದರ ಅಂಥ ಡಿಸ್ಕ್ ತರಿಸಿ ಹಾಕಿ ನೋಡಿದರೆ ಮೂರೂ ಸುಳ್ಳು. ಒಳಗಿದ್ದದ್ದು ವಿಎಚ್‌ಎಸ್ ಕ್ಯಾಸೆಟ್‌ನ ನಕಲು. ಗುಟ್ಟು ರಟ್ಟಾದದ್ದು ಚಿತ್ರದ ಕೆಳಅಂಚಿನಲ್ಲಿ. ಅಲ್ಲಿ ಕೆಲವೇ ಗೆರೆಗಳಷ್ಟು ಅಗಲದ ಒಂದು ಪಟ್ಟಿ ಮೊದಲಿನಿಂದ ಕೊನೆಯವರೆಗೂ ಓರೆಯಾಗಿ ನಡುಗುತ್ತಿತ್ತು. ವಿಸಿಆರ್‌ನ ತಿರುಗುವ ಡ್ರಮ್‌ನಲ್ಲಿ ಟೇಪ್ ಓದುವ ಕೆಲಸ ಒಂದು ಹೆಡ್‌ನಿಂದ ಇನ್ನೊಂದಕ್ಕೆ ಹೋಗುವ ಜಾಗ ಅದು. ಹಳೆಯ ಟ್ಯೂಬ್ ಟಿವಿಗಳು ಚಿತ್ರದ ಅಂಚನ್ನು ಚೌಕಟ್ಟಿನ ಹಿಂದೆ ಮರೆಮಾಡುತ್ತಿದ್ದವು, ಹಾಗಾಗಿ ಆಗ ಯಾರಿಗೂ ಕಾಣುತ್ತಿರಲಿಲ್ಲ. ಈಗಿನ ಟಿವಿಗಳಲ್ಲಿ ಎದ್ದು ಕಾಣುತ್ತದೆ. ಫಿಲ್ಮ್ ನೆಗೆಟಿವ್‌ನಿಂದ ನೇರವಾಗಿ ಸ್ಕ್ಯಾನ್ ಮಾಡಿದ ಡಿಸ್ಕ್‌ನಲ್ಲಿ ಈ ಪಟ್ಟಿ ಬರಲು ದಾರಿಯೇ ಇಲ್ಲ. ಮಾರಿದವರನ್ನು ಕೇಳಿದ್ದಕ್ಕೆ ‘ಸೀಲ್ ಒಡೆದ ಡಿಸ್ಕ್ ವಾಪಸ್ ಇಲ್ಲ’ ಎಂಬ ಒಂದೇ ಉತ್ತರ.

ಕವರ್ ಓದುವ ಮುಂಚೆ ಕೇಳಬೇಕಾದ ಪ್ರಶ್ನೆ ಒಂದಿದೆ: ಆ ರಾತ್ರಿ ಕ್ಯಾಮೆರಾದೊಳಗೆ ಇದ್ದದ್ದು ಫಿಲ್ಮೋ, ವಿಡಿಯೋ ಟೇಪೋ? ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ. 35 ಎಂಎಂ ಫಿಲ್ಮ್‌ನಲ್ಲಿ 4ಕೆಗೆ ಸಾಲುವಷ್ಟು ವಿವರ ನಿಜಕ್ಕೂ ಇರುತ್ತದೆ. 16 ಎಂಎಂ ಆದರೆ 4ಕೆಯ ಅರ್ಧ ಅಳತೆಯ 2ಕೆ ಆಸುಪಾಸಿಗೆ ವಿವರ ಮುಗಿಯುತ್ತದೆ, ಅದರಾಚೆ ಸಿಗುವುದು ಗ್ರೇನ್ (ಫಿಲ್ಮ್‌ನ ಸಣ್ಣ ಕಾಳುಗಳ ಒರಟುತನ) ಮಾತ್ರ. ಆ ಕಾಲದ ವಿಡಿಯೋ ಟೇಪ್ ಆದರೆ ಅಮೆರಿಕ, ಜಪಾನ್‌ಗಳ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ 480 ಗೆರೆ, ಯುರೋಪಿನ ಪಾಲ್ ಪದ್ಧತಿಯಲ್ಲಿ 576 ಗೆರೆ, ಅಷ್ಟೇ. ಟೇಪ್‌ನಲ್ಲಿ ದಾಖಲಾಗದ ವಿವರವನ್ನು ಯಾವ ಯಂತ್ರವೂ ಹೊರತೆಗೆಯಲಾರದು.

ಒಂದೇ ಬ್ಯಾಂಡ್‌ನ ಎರಡು ಕಾರ್ಯಕ್ರಮ ಎದುರುಬದುರು ಇಟ್ಟರೆ ಇದು ಸ್ಪಷ್ಟವಾಗುತ್ತದೆ. ಕ್ವೀನ್ 1981ರ ನವೆಂಬರ್‌ನಲ್ಲಿ ಮಾಂಟ್ರಿಯಲ್‌ನಲ್ಲಿ ಹಾಡಿದ್ದು 35 ಎಂಎಂ ಫಿಲ್ಮ್‌ನಲ್ಲಿ ಚಿತ್ರಿತವಾಗಿದೆ. ಅದರ 4ಕೆ ಡಿಸ್ಕ್‌ನಲ್ಲಿ ಹೊಸದಾಗಿ ನೋಡಲು ಏನಾದರೂ ಇದೆ. ಅದೇ ಕ್ವೀನ್ 1986ರ ಜುಲೈನಲ್ಲಿ ವೆಂಬ್ಲಿಯಲ್ಲಿ ಹಾಡಿದ್ದು ವಿಡಿಯೋದಲ್ಲಿ. ಅದನ್ನು ‘4ಕೆ’ ಎಂದು ಮಾರುವವರು ಗೆರೆಗಳನ್ನು ಹಿಗ್ಗಿಸಿ ಕೊಡುತ್ತಿದ್ದಾರೆ. ಲೆಡ್ ಜೆಪ್ಪೆಲಿನ್‌ನ 2003ರ ಎರಡು ಡಿಸ್ಕ್‌ಗಳ ಡಿವಿಡಿಯೊಳಗೇ ಎರಡೂ ಬಗೆ ಸಿಗುತ್ತವೆ: 1970ರ ರಾಯಲ್ ಆಲ್ಬರ್ಟ್ ಹಾಲ್ 16 ಎಂಎಂ ಫಿಲ್ಮ್, 1975ರ ಅರ್ಲ್ಸ್ ಕೋರ್ಟ್ ವಿಡಿಯೋ ಟೇಪ್. ಪಿಂಕ್ ಫ್ಲಾಯ್ಡ್ 1971ರಲ್ಲಿ ಪಾಂಪೆಯ ಖಾಲಿ ಬಯಲುರಂಗದಲ್ಲಿ ನುಡಿಸಿದ್ದು 35 ಎಂಎಂ, ಆದ್ದರಿಂದಲೇ 2025ರಲ್ಲಿ ಅದರ ನೆಗೆಟಿವ್‌ನಿಂದ ಮಾಡಿದ 4ಕೆ ಮರುರೂಪಕ್ಕೆ ಅರ್ಥವಿದೆ. ಕೊಳ್ಳಲಿರುವ ಕಾರ್ಯಕ್ರಮದ ಬಗ್ಗೆ ಇಷ್ಟು ಪತ್ತೆ ಮಾಡಿಕೊಳ್ಳಿ, ಅರ್ಧ ಮೋಸ ಅಲ್ಲೇ ತಪ್ಪುತ್ತದೆ.

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಲೇಬೇಕು. ಕೆಲವು ಅಧಿಕೃತ ಬ್ಲೂ-ರೇಗಳ ಕವರ್ ಮೇಲೆಯೇ ‘ಎಸ್‌ಡಿ ಬ್ಲೂ-ರೇ’ ಎಂದು ಬರೆದಿರುತ್ತದೆ. ಚಿತ್ರ ಹಳೆಯ ವಿಡಿಯೋ ಮಟ್ಟದ್ದೇ, ಧ್ವನಿ ಮಾತ್ರ ಡಿವಿಡಿಯಲ್ಲಿದ್ದಂತೆ ಹಿಂಡದೆ ಪೂರ್ತಿಯಾಗಿ ಕೊಟ್ಟಿದ್ದೇವೆ ಎಂದು ಅದರ ಅರ್ಥ. ಅದು ನೇರ ವ್ಯವಹಾರ. ಧ್ವನಿಗಾಗಿ ಕೊಳ್ಳುವವರು ನಿಶ್ಚಿಂತೆಯಿಂದ ಕೊಳ್ಳಬಹುದು.

ಎಐ ಬಳಸಿ ಹಿಗ್ಗಿಸಿದ್ದನ್ನು ಹಿಡಿಯಲು ಗಾಯಕರ ಮುಖ ನೋಡಬೇಡಿ. ಕ್ಲೋಸಪ್ ಮುಖವನ್ನು ಈ ಸಾಫ್ಟ್‌ವೇರ್‌ಗಳು ಚೆನ್ನಾಗಿಯೇ ನುಣುಪು ಮಾಡುತ್ತವೆ, ಅದಕ್ಕೇ ಜಾಹೀರಾತಿನಲ್ಲಿ ಯಾವಾಗಲೂ ಕ್ಲೋಸಪ್ ಹಾಕುವುದು. ದೂರದ ಶಾಟ್‌ನಲ್ಲಿ ನಿಲ್ಲಿಸಿ. ಬಾಸ್ ಡ್ರಮ್‌ನ ಚರ್ಮದ ಮೇಲೆ ಬರೆದ ಹೆಸರು, ಆಂಪ್ಲಿಫೈಯರ್ ಮೇಲಿನ ಕಂಪನಿ ಹೆಸರು ನೋಡಿ. ಅಕ್ಷರಗಳು ಯಾವ ಲಿಪಿಗೂ ಸೇರದ ಗೀಟುಗಳಾಗಿರುತ್ತವೆ. ಗಿಟಾರ್‌ನ ಪಿಕಪ್‌ಗಳ ಮೇಲೆ ಹಾದುಹೋಗುವ ತಂತಿಗಳನ್ನು ಎಣಿಸಿ. ಒಂದು ಫ್ರೇಮ್‌ನಲ್ಲಿ ನಾಲ್ಕು, ಮುಂದಿನದರಲ್ಲಿ ಏಳು ಬಂದರೆ ಅವನ್ನು ಯಂತ್ರ ಊಹಿಸಿ ಬರೆದಿದೆ. ಮೂರನೆಯ ಸಾಲಿನಾಚೆಯ ಪ್ರೇಕ್ಷಕರಿಗೆ ಕಣ್ಣಿನ ಜಾಗದಲ್ಲಿ ಕಲೆ, ಹಲ್ಲಿನ ಜಾಗದಲ್ಲಿ ಬಿಳಿ ಪಟ್ಟಿ ಇರುತ್ತದೆ. ಇನ್ನೊಂದು ಗುರುತು: ಫಿಲ್ಮ್ ಎಂದು ಹೇಳಿಕೊಂಡು ಗ್ರೇನ್ ಒಂದಿಷ್ಟೂ ಇಲ್ಲದಿದ್ದರೆ ಅದನ್ನು ಒರೆಸಿ ಹಾಕಿದ್ದಾರೆ, ಗ್ರೇನ್ ಜೊತೆ ನಿಜವಾದ ವಿವರವೂ ಹೋಗಿದೆ.

ಚಲನೆಯ ದೋಷ ಇದಕ್ಕಿಂತ ಕೆಟ್ಟದ್ದು. ಫೋಟೋದಲ್ಲಿ ಕಾಣುವುದಿಲ್ಲ, ಎರಡು ಗಂಟೆ ನೋಡುವಾಗ ತಲೆ ಸಿಡಿಯುತ್ತದೆ. ಎನ್‌ಟಿಎಸ್‌ಸಿ ವಿಡಿಯೋ ಸೆಕೆಂಡಿಗೆ ಸುಮಾರು 60 ಅರ್ಧಚಿತ್ರಗಳನ್ನು, ಪಾಲ್ 50 ಅರ್ಧಚಿತ್ರಗಳನ್ನು ದಾಖಲಿಸುತ್ತದೆ. ಇವನ್ನು ‘ಫೀಲ್ಡ್’ ಎನ್ನುತ್ತಾರೆ. ಅವಷ್ಟನ್ನೂ ಉಳಿಸಿಕೊಂಡ ಡಿಸ್ಕ್‌ನಲ್ಲಿ ಡ್ರಮ್ಮರ್‌ನ ಕೈ ನೀರಿನಂತೆ ಹರಿಯುತ್ತದೆ. ಆದ್ದರಿಂದ ಫೈಲಿನ ವಿವರ ತೋರಿಸುವ ಮೀಡಿಯಾಇನ್ಫೋ ಸಾಫ್ಟ್‌ವೇರ್‌ನಲ್ಲಿ 1080ಐ (ಫೀಲ್ಡ್‌ಗಳಾಗಿ ಇಟ್ಟ 1080 ಗೆರೆಯ ಚಿತ್ರ) ಎಂದು ಕಂಡರೆ ಹೆದರಬೇಡಿ, ವಿಡಿಯೋದಲ್ಲಿ ಚಿತ್ರಿತವಾದ ಕಾರ್ಯಕ್ರಮಕ್ಕೆ ಅದೇ ತಕ್ಕ ರೂಪ. ಹೆದರಬೇಕಾದದ್ದು ಅಂಥ ವಿಡಿಯೋವನ್ನು ‘ಸಿನಿಮಾ ಥರ ಕಾಣಲಿ’ ಎಂದು ಸೆಕೆಂಡಿಗೆ 24 ಫ್ರೇಮ್‌ಗೆ ಇಳಿಸಿದ್ದಕ್ಕೆ. ಪರೀಕ್ಷೆ ಸುಲಭ: ವೇಗದ ಡ್ರಮ್ ಭಾಗದಲ್ಲಿ ನಿಲ್ಲಿಸಿ ಒಂದೊಂದೇ ಫ್ರೇಮ್ ಮುಂದೆ ಹೋಗಿ. ಒಂದು ಕೈಯಲ್ಲಿ ಎರಡು ಮಸುಕು ಕೋಲು ಕಂಡರೆ ಫೀಲ್ಡ್‌ಗಳನ್ನು ಒಂದರ ಮೇಲೊಂದು ಕಲಸಿದ್ದಾರೆ. ಕೋಲಿನ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳಿದ್ದು ಫೈಲಿನೊಳಗೇ ಅಚ್ಚಾಗಿದ್ದರೆ ಹಿಗ್ಗಿಸುವ ಮೊದಲು ಫೀಲ್ಡ್ ಬಿಡಿಸಿಲ್ಲ. ಎರಡನ್ನೂ ಸರಿಪಡಿಸುವುದು ಕೊಂಡವರ ಕೈಯಲ್ಲಿಲ್ಲ.

1985ರ ಜುಲೈ 13ರಂದು ಲಂಡನ್ ಮತ್ತು ಅಮೆರಿಕದಲ್ಲಿ ಒಂದೇ ದಿನ ನಡೆದ ನೆರವಿನ ಕಾನ್ಸರ್ಟ್ ಲೈವ್ ಏಯ್ಡ್‌ನ ನಕಲುಗಳಲ್ಲಿ ಈ ಕಾಟ ದುಪ್ಪಟ್ಟು. ಲಂಡನ್ ಭಾಗ ಪಾಲ್‌ನಲ್ಲಿ ಹುಟ್ಟಿ, ಪ್ರಸಾರಕ್ಕಾಗಿ ಎನ್‌ಟಿಎಸ್‌ಸಿ ಆಗಿ, ಅಮೆರಿಕದ ಮನೆಗಳಲ್ಲಿ ವಿಎಚ್‌ಎಸ್‌ಗೆ ಇಳಿದು, ಮಾರುವವರ ಕೈಯಲ್ಲಿ ಮತ್ತೆ ಪಾಲ್ ಆಗಿರುತ್ತದೆ. ಕ್ವೀನ್‌ನ ಗಾಯಕ ಫ್ರೆಡ್ಡಿ ಮರ್ಕ್ಯುರಿ ಕೈ ಎತ್ತಿದರೆ ಬೆನ್ನಿಗೇ ಇನ್ನೊಂದು ಮಬ್ಬು ಕೈ ಏಳುತ್ತದೆ. ‘ಹದಿನಾರು ಗಂಟೆ ಪೂರ್ತಿ’ ಎಂದು ಮಾರುವ ಪೆಟ್ಟಿಗೆಗಳೆಲ್ಲ ಟಿವಿಯಿಂದ ಇಳಿಸಿಕೊಂಡ ಇಂಥ ತುಣುಕುಗಳ ಜೋಡಣೆ. 2004ರ ನಾಲ್ಕು ಡಿಸ್ಕ್‌ಗಳ ಅಧಿಕೃತ ಡಿವಿಡಿಯಲ್ಲಿ ಎಲ್ಲವೂ ಇಲ್ಲ, ನಿಜ. ಲೆಡ್ ಜೆಪ್ಪೆಲಿನ್ ಸದಸ್ಯರು ತಮ್ಮ ಭಾಗ ಬೇಡವೆಂದದ್ದರಿಂದ ಅದನ್ನು ಬಿಟ್ಟಿದ್ದಾರೆ. ಆದರೂ ಇರುವಷ್ಟರ ಚಿತ್ರ ಆ ನಕಲುಗಳಿಗಿಂತ ಎಷ್ಟೋ ಮೇಲು.

ಸಂಗೀತ ಕೇಳುವ ಕಿವಿ ಇದ್ದವರು ಶ್ರುತಿಯ ವಿಷಯದಲ್ಲೂ ಎಚ್ಚರವಾಗಿರಬೇಕು. ಸೆಕೆಂಡಿಗೆ 24 ಫ್ರೇಮ್‌ನ ಫಿಲ್ಮನ್ನು ಪಾಲ್ ಡಿವಿಡಿಗೆ ಹಾಕುವಾಗ 25 ಫ್ರೇಮ್ ವೇಗದಲ್ಲಿ ಓಡಿಸುವುದು ರೂಢಿ. ವೇಗ ಶೇ. 4ರಷ್ಟು ಹೆಚ್ಚುತ್ತದೆ, 100 ನಿಮಿಷದ ಚಿತ್ರ 96 ನಿಮಿಷಕ್ಕೆ ಮುಗಿಯುತ್ತದೆ. ಧ್ವನಿಯನ್ನು ಬೇರೆಯಾಗಿ ತಿದ್ದದಿದ್ದರೆ ಶ್ರುತಿ ಸುಮಾರು 0.7 ಸೆಮಿಟೋನ್ (ಅರ್ಧ ಸ್ವರ) ಏರುತ್ತದೆ. ಗಾಯಕನ ಕಂಠ ತೆಳ್ಳಗಾಗುತ್ತದೆ, ಜೊತೆಗೆ ಗಿಟಾರ್ ನುಡಿಸಲು ಕೂತರೆ ಯಾವ ತಂತಿಯೂ ಹೊಂದುವುದಿಲ್ಲ. ಸ್ಟುಡಿಯೋ ಆಲ್ಬಂ ಜೊತೆ ಹೋಲಿಸಿ ತೀರ್ಮಾನಿಸಬೇಡಿ, ವೇದಿಕೆಯಲ್ಲಿ ಅರ್ಧ ಸ್ವರ ಇಳಿಸಿ ನುಡಿಸುವ ಬ್ಯಾಂಡ್‌ಗಳು ಬೇಕಾದಷ್ಟಿವೆ. ಅದೇ ಕಾರ್ಯಕ್ರಮದ ಲೈವ್ ಆಲ್ಬಂ ಅಥವಾ ಬ್ಲೂ-ರೇ ಜೊತೆ ಹೋಲಿಸಿ. 24 ಫ್ರೇಮ್‌ನ ಬ್ಲೂ-ರೇಯಲ್ಲಿ ಈ ತೊಂದರೆ ಇರಬಾರದು. ಇದ್ದರೆ ಪಾಲ್ ಡಿವಿಡಿಯಿಂದಲೇ ನಕಲು ಮಾಡಿದ್ದಾರೆಂದು ಅರ್ಥ.

ಕವರ್ ಹಿಂಬದಿಯಲ್ಲಿ 16:9 ಎಂದಿದ್ದು ಮೂಲ ಚಿತ್ರ 4:3 ಆಗಿದ್ದರೆ ಮೇಲೆ ಕೆಳಗೆ ಸೇರಿ ಕಾಲು ಭಾಗ ಕತ್ತರಿಸಿದ್ದಾರೆ. ಸಾಮಾನ್ಯವಾಗಿ ಕಳೆದುಹೋಗುವುದು ಗಿಟಾರಿಸ್ಟ್‌ನ ಬೆರಳು.

5.1 ಧ್ವನಿ ನಿಜವೇ ಎಂದು ತಿಳಿಯಲು ಆಡಾಸಿಟಿ ಎಂಬ ಧ್ವನಿ ತಿದ್ದುವ ಸಾಫ್ಟ್‌ವೇರ್‌ನಲ್ಲಿ ಆರೂ ಟ್ರ್ಯಾಕ್ ತೆರೆಯಿರಿ. ನಿಜವಾದ ಮಿಶ್ರಣದಲ್ಲಿ ಹಿಂದಿನ ಎರಡರಲ್ಲಿ ಮುಖ್ಯವಾಗಿ ಸಭಾಂಗಣದ ಪ್ರತಿಧ್ವನಿ, ಜನರ ಕೂಗು ಇರುತ್ತದೆ. ಖೋಟಾದಲ್ಲಿ ಮುಂದಿನದ್ದೇ ಹತ್ತಿಪ್ಪತ್ತು ಮಿಲಿಸೆಕೆಂಡ್ ತಡವಾಗಿ ಹಿಂದೆ ಬರುತ್ತದೆ. ಆ ತಡವನ್ನು ಸರಿಹೊಂದಿಸಿ, ಹಿಂದಿನ ಟ್ರ್ಯಾಕ್ ಇನ್ವರ್ಟ್ ಮಾಡಿ (ಅಲೆಯನ್ನು ತಲೆಕೆಳಗು ಮಾಡಿ), ಎರಡರ ಮಟ್ಟ ಸಮ ಮಾಡಿ ಕೂಡಿಸಿದರೆ ಬಹುತೇಕ ಮೌನ ಉಳಿಯುತ್ತದೆ. ಬಳಿಕ ಸ್ಪೆಕ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಧ್ವನಿಯ ಚಿತ್ರ ನೋಡಿ. ಹಳೆಯ ಅನಲಾಗ್ ಟೇಪ್‌ನ ಮೇಲಿನ ತರಂಗಾಂತರಗಳು ನಿಧಾನವಾಗಿ ಕರಗುತ್ತವೆ. 16 ಕಿಲೋಹರ್ಟ್ಸ್‌ನಲ್ಲಿ ಕತ್ತರಿಸಿ ಹಾಕಿದಂತೆ ನಿಂತಿದ್ದರೆ ಯಾರದೋ 128 ಕೆಬಿಪಿಎಸ್ ಎಂಪಿ3 ಅದು. 15ರಲ್ಲಿ ನಿಂತು 19ರಲ್ಲಿ ಒಂದು ತೆಳು ಗೆರೆ ಉದ್ದಕ್ಕೂ ಎಳೆದಿದ್ದರೆ ಎಫ್‌ಎಂ ಸ್ಟೀರಿಯೊ ಪ್ರಸಾರದಿಂದ ಇಳಿಸಿಕೊಂಡದ್ದು. ಅದೇನೂ ಕೆಟ್ಟ ಮೂಲವಲ್ಲ, ಎಷ್ಟೋ ಕಾರ್ಯಕ್ರಮಗಳು ಅದರಿಂದಲೇ ಉಳಿದಿವೆ. ಆದರೆ ಅದನ್ನು ‘ನೇರ ಸೌಂಡ್‌ಬೋರ್ಡ್’ (ಕಾರ್ಯಕ್ರಮದ ಮಿಕ್ಸರ್‌ನಿಂದಲೇ ತೆಗೆದದ್ದು) ಎಂದು ಮಾರುವುದು ಸುಳ್ಳು.

ಅಧಿಕೃತ ಡಿಸ್ಕ್ ಕೊಳ್ಳುವಾಗಲೂ ಯಾವ ಆವೃತ್ತಿ ಎಂದು ನೋಡಿ. ವೆಂಬ್ಲಿ ಕಾರ್ಯಕ್ರಮದ ಹಳೆಯ ವಿಎಚ್‌ಎಸ್‌ನಲ್ಲಿ ಹಲವು ಹಾಡುಗಳೇ ಇಲ್ಲ, 2003ರ ಡಿವಿಡಿಯಲ್ಲಿ ಇವೆ. ಪಾಂಪೆಯ 2003ರ ಡಿವಿಡಿಯಲ್ಲಿ ಮುಖ್ಯ ಚಿತ್ರವಾಗಿ ಇರುವುದು ನಿರ್ದೇಶಕರು ಕಂಪ್ಯೂಟರ್ ಗ್ರಾಫಿಕ್ಸ್ ಸೇರಿಸಿದ ರೂಪ. ಹಳೆಯ ಒಂದು ಗಂಟೆಯ ರೂಪ ಬೇಕಾದವರು ಅದೇ ಡಿಸ್ಕ್‌ನ ಹೆಚ್ಚುವರಿ ಭಾಗದಲ್ಲಿ ಹುಡುಕಬೇಕು.

ಹಣ ಕೊಡುವ ಮುಂಚೆ ಮಾರುವವರಿಂದ ಮೂರು ಫೋಟೋ ಕೇಳಿ: ಡಿಸ್ಕ್‌ನ ಕೆಳಬದಿ, ನಡುವಿನ ತೂತಿನ ಸುತ್ತಲ ಉಂಗುರ ಹತ್ತಿರದಿಂದ, ಕವರ್ ಹಿಂಬದಿಯ ಬಾರ್‌ಕೋಡ್. ಕಾರ್ಖಾನೆಯಲ್ಲಿ ಅಚ್ಚಾದ ಡಿವಿಡಿಯ ಕೆಳಬದಿ ಬೆಳ್ಳಿ ಬಣ್ಣ, ಎರಡು ಪದರದ್ದಾದರೆ ತುಸು ಚಿನ್ನದ ಛಾಯೆ. ನೇರಳೆ ಛಾಯೆ ಕಂಡರೆ ಮನೆಯಲ್ಲಿ ಬರೆದ ಡಿವಿಡಿ-ಆರ್. ಉಂಗುರದಲ್ಲಿ ಕಾರ್ಖಾನೆ ಹಾಕುವ ಮ್ಯಾಟ್ರಿಕ್ಸ್ ಸಂಖ್ಯೆ ಇರಬೇಕು, ಸಾಮಾನ್ಯವಾಗಿ ‘ಐಎಫ್‌ಪಿಐ’ ಎಂದು ಶುರುವಾಗುವ ಸಣ್ಣ ಸಂಕೇತವೂ ಇರುತ್ತದೆ. ಅದನ್ನು ಕೆರೆದಿದ್ದರೆ ಕೈ ಬಿಡಿ. ಸಂಖ್ಯೆಯನ್ನು ಡಿಸ್ಕ್‌ಗಳ ವಿವರ ಪಟ್ಟಿ ಮಾಡುವ ಡಿಸ್ಕಾಗ್ಸ್ ಜಾಲತಾಣದಲ್ಲಿರುವ ಅದೇ ಆವೃತ್ತಿಯ ದಾಖಲೆಯೊಂದಿಗೆ ತಾಳೆ ನೋಡಿ. ಉಂಗುರದ ಫೋಟೋ ಕೊಡಲು ಹಿಂದೇಟು ಹಾಕುವವರ ಬಳಿ ವ್ಯವಹಾರ ಬೇಡವೇ ಬೇಡ. ಪಾರ್ಸೆಲ್ ಬಂದಾಗ ವಿಳಾಸದ ಚೀಟಿಯಿಂದ ಹಿಡಿದು ಡಿಸ್ಕ್‌ನ ಕೆಳಬದಿಯವರೆಗೆ ಒಂದೇ ಓಟದ ವಿಡಿಯೋ ತೆಗೆಯಿರಿ. ದೂರು ಕೊಡುವಾಗ ‘ಗುಣಮಟ್ಟ ಚೆನ್ನಾಗಿಲ್ಲ’ ಎಂದು ಬರೆಯದೆ ‘ಅಚ್ಚಿನ ಡಿಸ್ಕ್ ಎಂದು ಹೇಳಿ ಬರೆದ ಡಿಸ್ಕ್ ಕಳಿಸಿದ್ದಾರೆ’ ಎಂದು ಬರೆದು ಉಂಗುರದ ಫೋಟೋ ಲಗತ್ತಿಸಿ. ಮೊದಲನೆಯದು ಅಭಿಪ್ರಾಯ ಎಂದು ತಳ್ಳಿಬಿಡುತ್ತಾರೆ, ಎರಡನೆಯದನ್ನು ತಳ್ಳುವುದು ಕಷ್ಟ.

ಈಗಾಗಲೇ ಡಿವಿಡಿ-ಆರ್ ಕೈಯಲ್ಲಿದ್ದು, ಅದರಲ್ಲಿರುವುದು ಬೇರೆಲ್ಲೂ ಸಿಗದ ಕಾರ್ಯಕ್ರಮವಾಗಿದ್ದರೆ ಇಂದೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಒಂದು ಪದರದ ಡಿಸ್ಕನ್ನು ಒಳಗಿನಿಂದ ಹೊರಗಿನ ಅಂಚಿನ ಕಡೆಗೆ ಓದಲಾಗುತ್ತದೆ. ಅಗ್ಗದ ಡಿಸ್ಕ್‌ಗಳ ಬಣ್ಣದ ಪದರ ಹಾಳಾಗುವುದು ಹೆಚ್ಚಾಗಿ ಹೊರ ಅಂಚಿನಿಂದ, ಹಾಗಾಗಿ ತುಂಬಿದ ಡಿಸ್ಕ್‌ನಲ್ಲಿ ಮೊದಲು ಸಿಕ್ಕಿಕೊಳ್ಳುವುದು ಕೊನೆಯ ಹಾಡುಗಳು. ಪ್ಲೇಯರ್ ತಡವರಿಸುತ್ತಿದ್ದರೆ ಅದರಲ್ಲಿ ಮತ್ತೆ ಮತ್ತೆ ಹಾಕಿ ಸವೆಸಬೇಡಿ. ಡಿಡಿರೆಸ್ಕ್ಯೂನಂಥ ಸಾಫ್ಟ್‌ವೇರ್ ಮೊದಲ ಸುತ್ತಿನಲ್ಲಿ ಸುಲಭವಾಗಿ ಬರುವುದನ್ನು ಎತ್ತಿಕೊಂಡು, ಕೆಟ್ಟ ಭಾಗಕ್ಕೆ ಆಮೇಲೆ ಹಿಂತಿರುಗುತ್ತದೆ. ಒಂದು ಡ್ರೈವ್‌ನಲ್ಲಿ ಬಾರದ ಭಾಗ ಬೇರೆ ಕಂಪನಿಯ ಡ್ರೈವ್‌ನಲ್ಲಿ ಬರುವುದುಂಟು. ಅದೇ ಮ್ಯಾಪ್ ಫೈಲ್ (ಯಾವ ಭಾಗ ಬಂದಿದೆ ಎಂದು ಆ ಸಾಫ್ಟ್‌ವೇರ್ ಬರೆದಿಡುವ ದಾಖಲೆ) ಇಟ್ಟುಕೊಂಡು ಎರಡನೆಯ ಡ್ರೈವ್‌ನಲ್ಲಿ ಮುಂದುವರಿಸಿದರೆ ಬಿಟ್ಟುಹೋದ ಭಾಗಗಳನ್ನಷ್ಟೇ ಓದುತ್ತದೆ.