1916 ಮತ್ತು ಎಎಲ್‌ಎಂ: ಮುಂಬಯಿಯ ಗಲ್ಲಿಗೆ ಪಾಲಿಕೆಯ ಸೇವೆ ಎಷ್ಟು ದಕ್ಕುತ್ತದೆ?

ಮುಂಬಯಿ ಮಹಾನಗರಪಾಲಿಕೆಗೆ ದೂರು ಕೊಡಲು 1916ಕ್ಕೆ ಫೋನ್ ಮಾಡಬಹುದು, ಮೈಬಿಎಂಸಿ ಆ್ಯಪ್ ಬಳಸಬಹುದು, ವಾಟ್ಸ್‌ಆ್ಯಪ್‌ನಲ್ಲೂ ಕಳಿಸಬಹುದು. ಯಾವ ದಾರಿಯಲ್ಲಿ ಹೋದರೂ ದೂರು ಕೊನೆಗೆ ಬಂದು ಸೇರುವುದು ವಾರ್ಡ್ ಆಫೀಸಿನ ಒಬ್ಬ ಜೂನಿಯರ್ ಇಂಜಿನಿಯರ್ ಹತ್ತಿರ, ಇಲ್ಲವೇ ಕಸದ ಚೌಕಿಯ ಮುಕಾದಮನ (ಸಫಾಯಿ ಕೆಲಸಗಾರರ ಮೇಸ್ತ್ರಿಯ) ಹತ್ತಿರ. ಎಲ್ಲಿಗೆ ಹೋಗಬೇಕು, ಯಾವ ಸಾಮಾನು ಹಿಡಿದು ಹೋಗಬೇಕು ಎಂದು ಅವರಿಗೆ ಓದಿದ ಕೂಡಲೇ ಗೊತ್ತಾಗುವಂತೆ ಬರೆದರೆ ಕೆಲಸ ಆಗುತ್ತದೆ. ‘ನಮ್ಮ ಏರಿಯಾದಲ್ಲಿ ತುಂಬಾ ಗಲೀಜು’ ಎಂದು ಬರೆದರೆ ದೂರಿನ ನಂಬರ್ ಸಿಗುತ್ತದೆ, ಅಷ್ಟೇ. ದೂರು ದಾಖಲಿಸಿಕೊಳ್ಳುವುದಕ್ಕೆ ಈ ಸೇವೆಗೆ ಐದರಲ್ಲಿ ನಾಲ್ಕು ಅಂಕ ಕೊಡಬಹುದು, ದೂರು ಮುಗಿಸುವುದಕ್ಕೆ ಎರಡು. ಆ ಎರಡನ್ನು ನಾಲ್ಕಕ್ಕೆ ಏರಿಸುವುದು ಗಲ್ಲಿಯ ಜನ ಪಾಲಿಕೆಯ ಜೊತೆ ಸೇರಿ ನಡೆಸುವ ಎಎಲ್‌ಎಂ, ಅಂದರೆ ಅಡ್ವಾನ್ಸ್‌ಡ್ ಲೊಕ್ಯಾಲಿಟಿ ಮ್ಯಾನೇಜ್‌ಮೆಂಟ್ ಸಮಿತಿ.

ಮೊದಲು ಗಡಿಯ ವಿಷಯ. 1916 ನಡೆಯುವುದು ದಹಿಸರ್, ಮುಲುಂಡ್, ಮಾನ್‌ಖುರ್ದ್ ತನಕ ಮಾತ್ರ. ನಮ್ಮ ಕನ್ನಡಿಗರು ತುಂಬಾ ಜನ ಇರುವ ಡೊಂಬಿವಲಿ ಕಲ್ಯಾಣ-ಡೊಂಬಿವಲಿ ಪಾಲಿಕೆಗೆ ಸೇರಿದ್ದು, ಮೀರಾ ರೋಡ್ ಮೀರಾ-ಭಾಯಂದರ್ ಪಾಲಿಕೆಗೆ. ಠಾಣೆ, ನವಿ ಮುಂಬಯಿಗಳದ್ದು ಬೇರೆ ಬೇರೆ. ಮುಂಬಯಿ ಪಾಲಿಕೆಯ ಗಡಿಯ ಒಳಗಿನವರು ತಮ್ಮ ವಾರ್ಡಿನ ಅಕ್ಷರ ನೆನಪಿಟ್ಟುಕೊಳ್ಳಬೇಕು. ಮಾಟುಂಗಾ ಪೂರ್ವ, ಸಯನ್, ವಡಾಲಾ ಬರುವುದು ಎಫ್ ನಾರ್ತ್‌ಗೆ. ದಾದರ್ ಪಶ್ಚಿಮ, ಮಾಹಿಮ್, ಧಾರಾವಿ ಜಿ ನಾರ್ತ್‌ಗೆ. ಘಾಟ್‌ಕೋಪರ್ ಎನ್, ಮುಲುಂಡ್ ಟಿ. ಎಫ್ ನಾರ್ತ್ ಆಫೀಸು ಇರುವುದು ಭಾವು ದಾಜಿ ರಸ್ತೆಯಲ್ಲಿ, ಕನ್ನಡಿಗರ ಸಂಸ್ಥೆ ಮೈಸೂರು ಅಸೋಸಿಯೇಷನ್ ಇರುವ ಅದೇ ರಸ್ತೆ. ಅಸೋಸಿಯೇಷನ್ನಿಗೆ ಹೋಗಿ ಬರುವವರಿಗೆ ಅರ್ಜಿ ಕೊಡಲು ಬೇರೆ ದಾರಿ ಹುಡುಕಬೇಕಾಗಿಲ್ಲ.

ದೂರು ಕೆಡುವುದು ಹೆಚ್ಚಾಗಿ ಇಲಾಖೆ ತಪ್ಪಿ ಬರೆದಾಗ. ಗಟಾರ ಎಂಬ ಒಂದೇ ಮಾತಿನಲ್ಲಿ ನಾವು ಎರಡು ಬೇರೆ ಬೇರೆ ಸಂಗತಿಗಳನ್ನು ತುರುಕುತ್ತೇವೆ. ಮುಂಬಯಿಯಲ್ಲಿ ಶೌಚದ ನೀರು ಹೋಗುವ ಕೊಳವೆ ಬೇರೆ, ಮಳೆನೀರು ಹೋಗುವ ಚರಂಡಿ ಬೇರೆ. ಮೊದಲನೆಯದನ್ನು ನೋಡುವ ವಿಭಾಗಕ್ಕೆ ಮರಾಠಿಯಲ್ಲಿ ‘ಮಲನಿಃಸಾರಣ’ ಎನ್ನುತ್ತಾರೆ, ಎರಡನೆಯದು ‘ಪರ್ಜನ್ಯ ಜಲವಾಹಿನಿ’. ಒಬ್ಬರ ದೂರು ಇನ್ನೊಬ್ಬರಿಗೆ ಹೋದರೆ ಅವರು ಬಂದು ನೋಡಿ, ‘ಇದು ನಮ್ಮದಲ್ಲ’ ಎಂದು ಬರೆದು ಮುಚ್ಚುತ್ತಾರೆ. ಅದು ತಪ್ಪೂ ಅಲ್ಲ. ಗುರುತು ಹಿಡಿಯುವುದು ಸುಲಭ. ಮಳೆಯಿಲ್ಲದ ದಿನ, ಮನೆಮನೆಯಲ್ಲಿ ಸ್ನಾನ ನಡೆಯುವ ಬೆಳಗಿನ ಹೊತ್ತಿನಲ್ಲಿ ಮ್ಯಾನ್‌ಹೋಲಿನಿಂದ ನೀರು ಉಕ್ಕಿ, ಮಧ್ಯಾಹ್ನ ಇಳಿದರೆ ಅದು ಮಲನಿಃಸಾರಣದ್ದು. ಮಳೆ ಬಂದಾಗ ಮಾತ್ರ ಫುಟ್‌ಪಾತ್ ಪಕ್ಕದ ಜಾಲರಿಯಲ್ಲಿ ನೀರು ಇಳಿಯದೆ ನಿಂತರೆ ಅದು ಪರ್ಜನ್ಯದ್ದು.

ಮಳೆನೀರಿನ ದೂರಿನಲ್ಲಿ ಭರತದ, ಅಂದರೆ ಸಮುದ್ರ ಉಬ್ಬುವ ಹೊತ್ತನ್ನೂ ನೋಡಬೇಕು. ಗಾಂಧಿ ಮಾರ್ಕೆಟ್, ಹಿಂದ್‌ಮಾತಾ ತಟ್ಟೆಯ ಹಾಗೆ ತಗ್ಗಿನಲ್ಲಿವೆ. ಸಮುದ್ರ ಏರಿದಾಗ ಚರಂಡಿಯ ಬಾಯಿಯಲ್ಲಿ ನೀರು ಹೊರಹೋಗದು. ಭರತ 4.5 ಮೀಟರ್ ದಾಟುವ ದಿನಗಳ ಪಟ್ಟಿಯನ್ನು ಪಾಲಿಕೆ ಮಳೆಗಾಲಕ್ಕೆ ಮುಂಚೆಯೇ ಹೊರಡಿಸುತ್ತದೆ. ಭರತ ಇಳಿದು ಒಂದೆರಡು ಗಂಟೆಯಲ್ಲಿ ನೀರು ಹೋದರೆ ನಿಮ್ಮ ಚರಂಡಿ ಸರಿಯಾಗಿದೆ ಎಂದೇ ಅರ್ಥ, ಅದಕ್ಕೆ ಪಂಪೇ ಬೇಕು. ಮರುದಿನವೂ ನಿಂತಿದ್ದರೆ ಹೂಳು. ದೂರಿನಲ್ಲಿ ‘ಮಳೆ ನಿಂತದ್ದು ಇಷ್ಟು ಗಂಟೆಗೆ, ನೀರು ಇಳಿದದ್ದು ಇಷ್ಟು ಗಂಟೆಗೆ’ ಎಂದು ಎರಡು ಹೊತ್ತು ಬರೆದರೆ ಇಂಜಿನಿಯರಿಗೆ ಅರ್ಧ ಕೆಲಸ ಮುಗಿದಂತೆ.

ಶೌಚದ ನೀರು ಪದೇಪದೇ ಉಕ್ಕುತ್ತಿದ್ದರೆ ಅದು ಸೊಸೈಟಿಯದೋ (ಕಟ್ಟಡದ ನಿವಾಸಿಗಳ ವಸತಿ ಸಂಘದ್ದೋ) ಪಾಲಿಕೆಯದೋ ಎಂದು ಮೊದಲು ತಿಳಿಯಬೇಕು. ಕಾಂಪೌಂಡಿನ ಒಳಗಿನ ಚೇಂಬರುಗಳು ಸೊಸೈಟಿಯ ಹೊಣೆ. ಕಟ್ಟಕಡೆಯ ಚೇಂಬರ್ ತುಂಬಿದ್ದು ರಸ್ತೆಯ ಮ್ಯಾನ್‌ಹೋಲ್ ಖಾಲಿ ಇದ್ದರೆ ಅಡ್ಡಿ ನಿಮ್ಮ ಕಡೆ. ಎರಡೂ ತುಂಬಿದ್ದರೆ ಪಾಲಿಕೆಯ ಕಡೆ. ಚೇಂಬರಿನ ಮುಚ್ಚಳ ಎತ್ತಿ ಮೇಲಿಂದ ನೋಡುವುದು ಪ್ಲಂಬರನ ಕೆಲಸ. ರಸ್ತೆಯ ಮ್ಯಾನ್‌ಹೋಲ್ ತೆರೆಯುವುದು ಪಾಲಿಕೆಯವರಿಗೇ ಬಿಟ್ಟದ್ದು. ಇಲ್ಲಿ ಒಂದು ಮಾತು ಖಡಾಖಂಡಿತ ಹೇಳಬೇಕು: ಯಾರನ್ನೂ ಒಳಗೆ ಇಳಿಸಕೂಡದು. ಒಳಗಿನ ವಿಷಗಾಳಿ ಒಂದೆರಡು ಉಸಿರಿನಲ್ಲಿ ಮನುಷ್ಯನನ್ನು ಬೀಳಿಸುತ್ತದೆ, ಎತ್ತಲು ಹೋದವನೂ ಬೀಳುತ್ತಾನೆ. ರಕ್ಷಣಾ ಸಾಧನವಿಲ್ಲದೆ ಇಳಿಸುವುದನ್ನು 2013ರ ಕಾನೂನು ಅಪರಾಧ ಎಂದಿದೆ. ಐನೂರು ರೂಪಾಯಿಗೆ ಇಳಿಯುವವರು ಸಿಗುತ್ತಾರೆ ಎಂದು ಸೆಕ್ರೆಟರಿ ಹೇಳಿದರೆ ಇಡೀ ಸೊಸೈಟಿ ಬೇಡ ಎನ್ನಬೇಕು. ಹೀರುವ, ನೀರು ಚಿಮ್ಮಿ ತಳ್ಳುವ ಯಂತ್ರದ ಗಾಡಿಯನ್ನೇ ಕರೆಸಬೇಕು.

ಮ್ಯಾನ್‌ಹೋಲಿನ ಮುಚ್ಚಳ ಇಲ್ಲದಿದ್ದರೆ ಆ್ಯಪ್ ತೆರೆಯುತ್ತ ಕೂರದೆ 1916ಕ್ಕೇ ಫೋನ್ ಮಾಡಿ. 2017ರ ಆಗಸ್ಟ್ 29ರ ಮಳೆಯಲ್ಲಿ ಎಲ್ಫಿನ್‌ಸ್ಟನ್ ರಸ್ತೆಯ ಹತ್ತಿರ ತೆರೆದ ಮ್ಯಾನ್‌ಹೋಲಿಗೆ ಬಿದ್ದು ಹಿರಿಯ ವೈದ್ಯರೊಬ್ಬರು ತೀರಿಕೊಂಡದ್ದು ಈ ನಗರ ಮರೆಯಬಾರದ ಸಂಗತಿ. ನೀರು ನಿಂತಿದೆ ಎಂದು ಜನರೇ ಮುಚ್ಚಳ ತೆಗೆಯುವುದನ್ನು ಯಾವ ಕಾರಣಕ್ಕೂ ಮಾಡಬಾರದು.

ಕುಡಿಯುವ ನೀರು ವಾಸನೆ ಬಂದರೆ ಎರಡು ಗಾಜಿನ ಬಾಟಲಿ ಸಾಕು. ನೀರು ಬಿಟ್ಟ ಮೊದಲ ನಿಮಿಷದ್ದು ಒಂದರಲ್ಲಿ, ಹದಿನೈದು ನಿಮಿಷದ ನಂತರದ್ದು ಇನ್ನೊಂದರಲ್ಲಿ ಹಿಡಿಯಿರಿ. ಎರಡನ್ನೂ ನೆಲದಡಿಯ ಟಾಂಕಿಗೆ ಬೀಳುವ ಮುಂಚೆ, ಮೀಟರಿನ ಹತ್ತಿರದ ನಲ್ಲಿಯಿಂದ. ಮೊದಲನೆಯದು ಕದಡಿ ಎರಡನೆಯದು ತಿಳಿಯಾಗಿದ್ದರೆ ಹತ್ತಿರದ ಕೊಳವೆಯಲ್ಲೇ ಸಣ್ಣ ಸೀಳು ಇರುವ ಸಾಧ್ಯತೆ ಹೆಚ್ಚು. ದಿನಕ್ಕೆ ಕೆಲವೇ ಗಂಟೆ ನೀರು ಬಿಡುವ ಊರಿನಲ್ಲಿ, ಒತ್ತಡ ಇಲ್ಲದ ಹೊತ್ತು ಆ ಸೀಳು ಸುತ್ತಲಿನ ಕೊಳಚೆಯನ್ನು ಒಳಗೆ ಹೀರುತ್ತದೆ, ನೀರು ಬಿಟ್ಟಾಗ ಮೊದಲು ಅದೇ ಬರುತ್ತದೆ. ಎರಡೂ ತಿಳಿಯಾಗಿದ್ದು ಮನೆಯ ನಲ್ಲಿಯಲ್ಲಿ ಮಾತ್ರ ವಾಸನೆ ಎಂದರೆ ನಿಮ್ಮ ಟಾಂಕಿ ತೊಳೆಸಿ. ಪಾಲಿಕೆಯವರು ಬಂದು ಹೋಗಿ ‘ನೀರು ಸರಿ ಇದೆ’ ಎಂದು ಬರೆಯುವುದು ಹೆಚ್ಚಾಗಿ ನೀರು ಬಿಟ್ಟು ಅರ್ಧ ಗಂಟೆಯಾದ ಮೇಲೆ ನೋಡಿದಾಗ. ಆದ್ದರಿಂದ ದೂರಿನಲ್ಲೇ ನೀರು ಬರುವ ಹೊತ್ತು ಬರೆದು, ಆಗಲೇ ಬರುವಂತೆ ಕೇಳಿ.

ಬೀದಿ ದೀಪಕ್ಕೆ ಕಂಬದ ನಂಬರ್ ಬೇಕು. ಕೊಲಾಬಾದಿಂದ ಸಯನ್-ಮಾಹಿಮ್ ತನಕದ ದ್ವೀಪದ ನಗರದಲ್ಲಿ ಬೆಸ್ಟ್, ಉಪನಗರದ ಬಹುಭಾಗದಲ್ಲಿ ಅದಾನಿ, ಭಾಂಡುಪ್-ಮುಲುಂಡ್ ಕಡೆ ಮಹಾವಿತರಣ, ಹೀಗೆ ಬೇರೆ ಬೇರೆ ವಿದ್ಯುತ್ ಸಂಸ್ಥೆಗಳು ನೋಡಿಕೊಳ್ಳುತ್ತವೆ.

ಇನ್ನು ಈ ಸೇವೆಯ ದೊಡ್ಡ ಕೊರತೆ: ಕೆಲಸ ಆಗದೆಯೇ ದೂರು ‘ಮುಗಿದಿದೆ’ ಎಂದು ಬರುವುದು. ಅದೇ ದೂರನ್ನು ಹೊಸದಾಗಿ ಹಾಕಿದರೆ ಲೆಕ್ಕ ಮತ್ತೆ ಒಂದರಿಂದ ಶುರು. ಬದಲಿಗೆ ಹಳೆಯ ನಂಬರ್, ಮುಚ್ಚಿದ ತಾರೀಖು, ಆ ದಿನದ ನಂತರ ತೆಗೆದ ಫೋಟೋ, ಈ ಮೂರನ್ನು ಸೇರಿಸಿ ವಾರ್ಡಿನ ಮುಖ್ಯಸ್ಥರಾದ ಅಸಿಸ್ಟೆಂಟ್ ಕಮಿಷನರ್ ಹೆಸರಿಗೆ ಒಂದೇ ಪುಟದ ಪತ್ರ ಬರೆಯಿರಿ. ಫೋಟೋದಲ್ಲಿ ಅಂಗಡಿಯ ಬೋರ್ಡೋ ಕಟ್ಟಡದ ಹೆಸರೋ ಕಾಣಬೇಕು. ಬರೀ ಗುಂಡಿಯ ಫೋಟೋ ಎಲ್ಲಿಯದು ಎಂದು ಯಾರಿಗೂ ತಿಳಿಯದು. ಪತ್ರ ಮರಾಠಿಯಲ್ಲಿದ್ದರೆ ಬೇಗ ಸಾಗುತ್ತದೆ, ಮುಂಬಯಿಯಲ್ಲೇ ಓದಿದ ನಮ್ಮ ಮಕ್ಕಳು ಇದನ್ನು ಹತ್ತು ನಿಮಿಷದಲ್ಲಿ ಬರೆದುಕೊಡುತ್ತಾರೆ. ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಠಸ್ಸೆ, ತಾರೀಖು, ಆವಕ ನಂಬರ್ ಹಾಕಿಸಿಕೊಳ್ಳಬೇಕು. ಅದಕ್ಕೆ ಅಲ್ಲಿ ‘ಪೋಚ್’ ಎನ್ನುತ್ತಾರೆ. ಪೋಚ್ ಇಲ್ಲದ ಪತ್ರ ಕೊಟ್ಟರೂ ಕೊಡದಂತೆಯೇ.

ಅದಕ್ಕೂ ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಮಹಾರಾಷ್ಟ್ರದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ‘ಯಾಕೆ ಮಾಡಲಿಲ್ಲ’ ಎಂದು ಕೇಳಿದರೆ ಉತ್ತರ ಬಾರದು. ‘ದೂರು ನಂಬರ್ ಇಂಥದ್ದರ ಬಗ್ಗೆ ಸ್ಥಳ ನೋಡಿದ ವರದಿಯ ಪ್ರತಿ ಕೊಡಿ’, ‘ಈ ರಸ್ತೆಯ ಕೆಲಸದ ಆದೇಶದ ಪ್ರತಿ ಮತ್ತು ಗುತ್ತಿಗೆದಾರ ಉಚಿತವಾಗಿ ರಿಪೇರಿ ಮಾಡಬೇಕಾದ ಅವಧಿ ಮುಗಿಯುವ ತಾರೀಖು ಕೊಡಿ’ ಎಂದು ದಾಖಲೆ ಕೇಳಬೇಕು. ಎರಡನೆಯ ಪ್ರಶ್ನೆಗೆ ಬಹಳ ಬೆಲೆ ಇದೆ. ಅವಧಿ ಇನ್ನೂ ಉಳಿದಿದ್ದರೆ ಗುಂಡಿ ಮುಚ್ಚುವ ಖರ್ಚು ಪಾಲಿಕೆಯ ಮೇಲೆ ಬೀಳುವುದೇ ಇಲ್ಲ.

ಇದನ್ನೆಲ್ಲ ಒಬ್ಬರೇ ಮಾಡಿದರೆ ಆರು ತಿಂಗಳಲ್ಲಿ ಸುಸ್ತಾಗುತ್ತಾರೆ. ಎಎಲ್‌ಎಂ ಹುಟ್ಟಿದ್ದು ಅದಕ್ಕೇ. 1997ರ ಸುಮಾರಿಗೆ ಘಾಟ್‌ಕೋಪರಿನ ಜೋಶಿ ಲೇನಿನಲ್ಲಿ ನಿವಾಸಿಗಳು ಕಸ ಬೇರ್ಪಡಿಸಿ, ಹಸಿ ಕಸವನ್ನು ಅಲ್ಲೇ ಗೊಬ್ಬರ ಮಾಡಿ, ಪಾಲಿಕೆಯೊಂದಿಗೆ ಗಲ್ಲಿಯ ಕೆಲಸ ಹಂಚಿಕೊಂಡ ಮಾದರಿ ನಗರಕ್ಕೆಲ್ಲ ಹರಡಿತು. ಒಂದು ರಸ್ತೆಯ ಅಥವಾ ಕೆಲವು ಕಟ್ಟಡಗಳ ಜನ ಸೇರಿ ಅಧ್ಯಕ್ಷ, ಕಾರ್ಯದರ್ಶಿಯನ್ನು ಆರಿಸಿ ವಾರ್ಡ್ ಆಫೀಸಿನಲ್ಲಿ ಹೆಸರು ನೋಂದಾಯಿಸುತ್ತಾರೆ. ಅನೇಕ ಎಎಲ್‌ಎಂಗಳು ಈಗ ಹೆಸರಿಗಷ್ಟೇ ಉಳಿದಿವೆ. ನಡೆಯುವವುಗಳಲ್ಲಿ ಕಾಣುವ ಸಾಮಾನ್ಯ ಅಂಶ ಒಂದು ಪುಸ್ತಕ: ದೂರು ನಂಬರ್, ಇಲಾಖೆ, ಕೊಟ್ಟ ದಿನ, ಬಂದು ನೋಡಿದವರ ಹುದ್ದೆ, ನಿಜಕ್ಕೂ ಮುಗಿದ ದಿನ. ವಾರ್ಡಿನ ಸಭೆಗೆ ಈ ಪುಸ್ತಕ ಹಿಡಿದು ಹೋದವರ ಮಾತಿಗೆ ತೂಕ ಬೇರೆ. ಸಾಯುವ ಎಎಲ್‌ಎಂಗಳ ರೋಗವೂ ಒಂದೇ: ಎಲ್ಲ ಒಬ್ಬರ ಫೋನಿನಲ್ಲಿ, ಒಬ್ಬರ ತಲೆಯಲ್ಲಿ ಇರುವುದು. ಅವರು ಮಗಳ ಮನೆಗೆ ಬೆಂಗಳೂರಿಗೆ ಹೋದರೆ ಎಲ್ಲ ನಿಂತಿತು. ಕನಿಷ್ಠ ಮೂವರು ಬೇಕು, ಅವರಲ್ಲಿ ಒಬ್ಬರು ವಠಾರದಂಥ ಚಾಳಿನವರೋ ಅಂಗಡಿಯವರೋ ಆಗಿರಬೇಕು. ಫ್ಲ್ಯಾಟಿನವರು ಮಾತ್ರ ಸೇರಿದ ಸಮಿತಿ ಬೇಗನೆ ಫೇರಿವಾಲಾಗಳನ್ನು (ಬೀದಿ ವ್ಯಾಪಾರಿಗಳನ್ನು) ಓಡಿಸುವ ಸಮಿತಿಯಾಗಿಬಿಡುತ್ತದೆ, ಅದು ಸರಿಯಲ್ಲ.

ಎಎಲ್‌ಎಂನ ನಿಜವಾದ ಪರೀಕ್ಷೆ ಹಸಿ ಕಸದಲ್ಲಿ. ದಿನಕ್ಕೆ 100 ಕಿಲೋ ಮೀರಿ ಕಸ ಮಾಡುವ ಸೊಸೈಟಿ, ಹೋಟೆಲುಗಳು ಅದನ್ನು ತಾವೇ ಸಂಭಾಳಿಸಬೇಕು ಎಂದು 2016ರ ನಿಯಮವೇ ಹೇಳಿತ್ತು. 2026ರ ಏಪ್ರಿಲ್ 1ರಿಂದ ಜಾರಿಯ ಹೊಸ ನಿಯಮದಲ್ಲಿ ಹಸಿ, ಒಣ, ಸ್ಯಾನಿಟರಿ, ವಿಶೇಷ ಎಂದು ನಾಲ್ಕು ಭಾಗ ಮಾಡಬೇಕು. ಹಸಿ ಕಸ ಮನೆಗೆ ಅರ್ಧ ಕಿಲೋ ಹಿಡಿದರೂ ಅರವತ್ತು ಮನೆಗೆ ದಿನಕ್ಕೆ 30 ಕಿಲೋ. ಒಂದು ಬಕೆಟ್ ಹಸಿ ಕಸಕ್ಕೆ ಒಂದರಿಂದ ಎರಡು ಬಕೆಟ್ ಒಣ ಎಲೆ ಬೇಕು. ಎಲೆಯನ್ನು ಸುಡಲು ಬಿಡದೆ ಬೇಸಿಗೆಯಲ್ಲೇ ಗೋಣಿಯಲ್ಲಿ ತುಂಬಿಡಬೇಕು, ಮಳೆಗಾಲದಲ್ಲಿ ಒಣ ಎಲೆ ಎಲ್ಲಿಯೂ ಸಿಗದು. ಒಂದು ಮುಷ್ಟಿ ಹಿಂಡಿದರೆ ಒಂದೆರಡು ಹನಿ ಬರಬೇಕು. ಧಾರೆ ಬಂದರೆ ಎಲೆ ಸಾಲದು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಇಲ್ಲ, ಕೆದಕಿ. ನಮ್ಮ ಅಡುಗೆಮನೆಗಳಿಂದ ಬರುವ ತೆಂಗಿನ ಕರಟ, ನಾರು ಗೊಬ್ಬರದ ಗುಂಡಿಗೆ ಹಾಕಬೇಡಿ, ವರ್ಷವಾದರೂ ಹಾಗೆಯೇ ಇರುತ್ತವೆ.

ಮಾಟುಂಗಾದಂಥ ಕಡೆ ಇಡ್ಲಿ-ದೋಸೆ ಹೋಟೆಲುಗಳ ಜೊತೆ ಎಎಲ್‌ಎಂ ಸೇರಿ ಮಾಡಬೇಕಾದ ಕೆಲಸ ಇನ್ನೊಂದಿದೆ. ಪಾತ್ರೆ ತೊಳೆದ ನೀರು ಜಿಡ್ಡು ತಡೆಯುವ ತೊಟ್ಟಿಯ ಮೂಲಕ ಹೋಗಬೇಕು. ಎಣ್ಣೆ ಮೇಲೆ ತೇಲುತ್ತದೆ, ಹಿಟ್ಟು ತಳದಲ್ಲಿ ಕೂರುತ್ತದೆ. ಕಡ್ಡಿ ಇಳಿಸಿ ನೋಡಿದಾಗ ಎರಡೂ ಸೇರಿ ಆಳದ ಕಾಲು ಭಾಗ ಆಗಿದ್ದರೆ ಅಂದೇ ತೆಗೆಯಬೇಕು. ಬಿಸಿನೀರು ಸುರಿದು ‘ಕ್ಲೀನ್’ ಮಾಡುವ ರೂಢಿಯಿಂದ ಜಿಡ್ಡು ಕರಗಿ ಮುಂದೆ ಹೋಗಿ, ಪಕ್ಕದ ಕಟ್ಟಡದ ಮುಂದಿನ ಕೊಳವೆಯಲ್ಲಿ ತಣ್ಣಗಾಗಿ ಮೇಣದಂತೆ ಗಟ್ಟಿಯಾಗುತ್ತದೆ. ದೂರು ಪಾಲಿಕೆಯ ಮೇಲೆ ಹೋಗುತ್ತದೆ, ಕಾರಣ ಅಡುಗೆಮನೆಯಲ್ಲಿರುತ್ತದೆ. ಹೋಟೆಲಿನ ಮ್ಯಾನೇಜರನ್ನು ಕೂರಿಸಿಕೊಂಡು ಇದನ್ನು ತೋರಿಸಿದರೆ ನೋಟಿಸಿಗಿಂತ ಬೇಗ ಫಲ ಸಿಗುತ್ತದೆ.

ಮರದ ಕೊಂಬೆ ರಸ್ತೆಯದಾದರೆ ಪಾಲಿಕೆ ಕತ್ತರಿಸುತ್ತದೆ. ಕಾಂಪೌಂಡಿನ ಒಳಗಿನದಾದರೆ ಉದ್ಯಾನ ವಿಭಾಗದ ಅನುಮತಿ ಪಡೆದು ಸೊಸೈಟಿಯೇ ಮಾಡಿಸಬೇಕು. ಅನುಮತಿಯಿಲ್ಲದೆ ಕಡಿದರೆ 1975ರ ಮರ ಸಂರಕ್ಷಣಾ ಕಾನೂನು ಹಿಡಿಯುತ್ತದೆ. ಮಲೇರಿಯಾ ಸೊಳ್ಳೆ ಇಲ್ಲಿ ಬೆಳೆಯುವುದು ಗಟಾರದಲ್ಲಿ ಅಲ್ಲ, ಮುಚ್ಚಳ ಸರಿಯಿಲ್ಲದ ಟಾಂಕಿಯ ತಿಳಿನೀರಿನಲ್ಲಿ. ಹೊಗೆ ಬಿಡಿಸಲು ಫೋನ್ ಮಾಡುವ ಮುಂಚೆ ಟೆರೇಸಿಗೆ ಹತ್ತಿ ನೋಡಿ.

ನಗರಸೇವಕರ, ಅಂದರೆ ಪಾಲಿಕೆಗೆ ಆರಿಸಿ ಬಂದ ಕಾರ್ಪೊರೇಟರ್‌ಗಳ ಪಾತ್ರ ಬೇರೆ. 2022ರ ಮಾರ್ಚಿನಿಂದ ಸುಮಾರು ನಾಲ್ಕು ವರ್ಷ ಪಾಲಿಕೆಯಲ್ಲಿ ಚುನಾಯಿತರೇ ಇರಲಿಲ್ಲ. 2026ರ ಜನವರಿ 15ರಂದು 227 ಸ್ಥಾನಗಳಿಗೆ ಮತದಾನ ನಡೆಯಿತು. ಹೊಸ ಕೊಳವೆ, ಹೊಸ ಫುಟ್‌ಪಾತಿನಂಥ ಹಣ ಬೇಕಾದ ಕೆಲಸಕ್ಕೆ ಅವರ ಹತ್ತಿರ ಹೋಗಿ. ಮುಚ್ಚಳ, ಹೂಳು, ಕಸದಂಥ ದಿನದ ಕೆಲಸಕ್ಕೆ ಇಂಜಿನಿಯರೇ ಸಾಕು.

ಹೂಳಿನ ದೂರಿಗೆ ಜೂನ್ ತನಕ ಕಾಯಬೇಡಿ. ಮಳೆಗಾಲಕ್ಕೆ ಮುಂಚಿನ ಹೂಳೆತ್ತುವಿಕೆಗೆ ಪಾಲಿಕೆಯ ಗಡುವು ಮೇ 31. ಮಾರ್ಚಿನಲ್ಲೇ ಇಂಜಿನಿಯರ್ ಜೊತೆ ಗಲ್ಲಿ ನಡೆದು ಜಾಲರಿಗಳನ್ನು ಎಣಿಸಿ, ಮುಚ್ಚಿಹೋದವುಗಳಿಗೆ ಬಣ್ಣದಿಂದ ಗುರುತು ಹಾಕಿ. ಎತ್ತಿದ ಹೂಳು ಚರಂಡಿಯ ಪಕ್ಕದಲ್ಲೇ ಒಣಗುತ್ತ ಬಿದ್ದಿದ್ದರೆ ಮೊದಲ ಮಳೆಗೆ ಮತ್ತೆ ಒಳಗೇ ಹೋಗುತ್ತದೆ. ಅದನ್ನು ಸಾಗಿಸಲು ಬೇರೆ ದೂರು ಕೊಡಬೇಕು, ಆ ನಂಬರನ್ನೂ ಪುಸ್ತಕದಲ್ಲಿ ಬರೆದಿಡಿ.