ಬಳ್ಳಾರಿಯವಳ ಫೆರನ್: ಎರಡು ಚಳಿಗಾಲ ಹಾಕಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನಾನು ಬಳ್ಳಾರಿಯವಳು. ನಮ್ಮೂರಿಗೆ ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ. ಡಿಸೆಂಬರಿನಲ್ಲಿ ಬೆಳಿಗ್ಗೆ 16 ಡಿಗ್ರಿ ಆದರೆ ಸಾಕು, ನಮ್ಮಪ್ಪ ಮಂಕಿ ಕ್ಯಾಪ್ ಹಾಕಿಕೊಂಡೇ ಹಾಲು ತರಲು ಹೊರಡುತ್ತಾರೆ. ಅಂಥ ಊರಿನಿಂದ 2023ರಲ್ಲಿ ಎಂ.ಟೆಕ್ ಓದಲು ಶ್ರೀನಗರಕ್ಕೆ ಬಂದೆ. ಅಲ್ಲಿ ಚಳಿಗೆ ಹಾಕುವ ಉದ್ದನೆಯ ದೊಗಳೆ ನಿಲುವಂಗಿಯೇ ಫೆರನ್, ಇದು ಅದರ ವಿಮರ್ಶೆ. ಚಳಿಯಲ್ಲೇ ಹುಟ್ಟಿ ಬೆಳೆದವರಿಗೆ ಇದು ಬೇಕಾಗಿಲ್ಲ. ದಕ್ಷಿಣದಿಂದ ಹೊಸದಾಗಿ ಬಂದು, ಏನು ಕೊಳ್ಳಬೇಕೋ ಗೊತ್ತಾಗದೆ ಒದ್ದಾಡುವವರಿಗೆ ಬರೆಯುತ್ತಿದ್ದೇನೆ.

ಬರುವಾಗ ನನ್ನ ಹತ್ತಿರ ಇದ್ದದ್ದು ಮೂರು ಸಾಮಾನು. ಚಳಿಗಾಲದಲ್ಲಿ ನಮ್ಮೂರಿಗೆ ಬರುವ ಟಿಬೆಟಿಯನ್ನರ ಹತ್ತಿರ ಅಮ್ಮ ಕೊಡಿಸಿದ ಸ್ವೆಟರ್. ನಾಲ್ಕು ಜೀನ್ಸ್ ಪ್ಯಾಂಟು, ಯಾಕಂದ್ರೆ ಜೀನ್ಸ್ ಹೊಲಿಯುವ ಊರಿನವಳು ನಾನು, ಬೇರೆ ಪ್ಯಾಂಟೇ ಗೊತ್ತಿಲ್ಲ. ಆಮೇಲೆ ಆನ್‌ಲೈನಿನಲ್ಲಿ 3,400 ರೂಪಾಯಿ ಕೊಟ್ಟು ತರಿಸಿದ ಉಬ್ಬು ಜಾಕೆಟ್. ಮೈನಸ್ 10 ಡಿಗ್ರಿಗೂ ಸೈ ಅಂತ ಅದರ ಚೀಟಿಯಲ್ಲಿ ಬರೆದಿತ್ತು. ಕಂಪನಿ ಹೆಸರು ಬೇಡ ಬಿಡಿ.

ಜೀನ್ಸ್ ಮೊದಲು ಕೈ ಕೊಟ್ಟಿತು. ಅದು ದಪ್ಪ ಹತ್ತಿ ಬಟ್ಟೆ, ಒಮ್ಮೆ ತಣ್ಣಗಾದರೆ ಬೆಚ್ಚಗಾಗಲು ಒಪ್ಪುವುದಿಲ್ಲ, ಸ್ವಲ್ಪ ಒದ್ದೆಯಾದರಂತೂ ಮುಗಿಯಿತು. ಒಗೆದು ರಾತ್ರಿ ತಂತಿಯ ಮೇಲೆ ಹಾಕಿದ್ದೆ. ಬೆಳಿಗ್ಗೆ ನೋಡಿದರೆ ಹಲಗೆ ಥರ ಸೆಟೆದುಕೊಂಡು, ಗೋಡೆಗೆ ಒರಗಿಸಿದರೆ ಒಬ್ಬನೇ ನಿಲ್ಲುವ ಮನುಷ್ಯನ ಹಾಗಿತ್ತು. ಫೋಟೋ ತೆಗೆದು ಮನೆಗೆ ಕಳಿಸಿದೆ. ಅಪ್ಪ ಅದನ್ನು ಬೀದಿಯವರಿಗೆಲ್ಲ ತೋರಿಸಿದರಂತೆ.

ಜಾಕೆಟ್ ಬಗ್ಗೆ ಅಷ್ಟು ಕೆಟ್ಟದಾಗಿ ಹೇಳಲಾರೆ. ಹೊರಗೆ ಬೇಗ ಬೇಗ ನಡೆಯುವಾಗ ಚೆನ್ನಾಗಿಯೇ ಇತ್ತು. ತೊಂದರೆ ಬೇರೆ ಕಡೆ. ಶ್ರೀನಗರದ ಚಳಿ ಹೊರಗಿಗಿಂತ ಒಳಗೆ ಜಾಸ್ತಿ ಕಾಡುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಅಮೆರಿಕದಲ್ಲಿರುವ ನನ್ನ ಕಸಿನ್ ಮನೆಯೊಳಗೆ ಟೀ ಶರ್ಟ್‌ನಲ್ಲಿ ಓಡಾಡುತ್ತಾಳೆ. ಇಲ್ಲಿ ನಾನು ಬಾಡಿಗೆಗೆ ಇರುವ ಮಹಡಿ ಕೋಣೆಗೆ ಹೀಟಿಂಗ್ ಇಲ್ಲ. ಕೆಳಗೆ ಓನರ್ ಆಂಟಿಯವರ ಒಂದು ಕೋಣೆಯಲ್ಲಿ ಮಾತ್ರ ಬುಖಾರಿ, ಅಂದರೆ ಕಟ್ಟಿಗೆ ಒಲೆ, ಉರಿಯುತ್ತದೆ. ಮನೆಯವರೆಲ್ಲ ಅಲ್ಲೇ ಸೇರುತ್ತಾರೆ. ನನ್ನ ಕೋಣೆಯಲ್ಲಿ ಅಜ್ಜಿ ಕೊಟ್ಟ ಕೊಬ್ಬರಿ ಎಣ್ಣೆ ಅಕ್ಟೋಬರಿನಲ್ಲೇ ಗಟ್ಟಿಯಾಯಿತು, ಬೇಸಿಗೆ ಬರುವವರೆಗೆ ಕರಗಲಿಲ್ಲ. ಅಲ್ಲಾಡದೆ ಮೂರು ಗಂಟೆ ಕೂತು ಓದುವಾಗ ಜಾಕೆಟ್ ಸಾಲದು. ಸೊಂಟದಿಂದ ಕೆಳಗೆ ಏನೂ ಇಲ್ಲ, ಬೆರಳು ಮರಗಟ್ಟುತ್ತವೆ. ಜನವರಿಯಷ್ಟರಲ್ಲಿ ಅದರ ಜಿಪ್ಪೂ ಕಿತ್ತುಹೋಯಿತು. ಕಂಪನಿಗೆ ಬರೆದರೆ, ವಾಪಸ್ ಮಾಡುವ ಅವಧಿ ಮುಗಿದಿದೆ ಅಂತ ಉತ್ತರ ಬಂತು.

ಅಷ್ಟರಲ್ಲಿ ನನ್ನ ಅದೃಷ್ಟಕ್ಕೆ ಫೆರನ್ ಬಂದಾಗಿತ್ತು. 2023ರ ಡಿಸೆಂಬರಿನಲ್ಲೇ ಲಾಲ್ ಚೌಕ್ ಹತ್ತಿರದ ಗೋನಿ ಖಾನ್ ಮಾರ್ಕೆಟ್ಟಿಗೆ ಹೋಗಿ ತಂದಿದ್ದೆ. ಅಂಗಡಿಯವರು ಮೊದಲು ಹೆಂಗಸರ ಫೆರನ್ ತೆಗೆದರು. ಕುತ್ತಿಗೆಗೆ, ತೋಳಿಗೆ ತಿಲ್ಲಾ ಕಸೂತಿ, ಜರಿದಾರದ ಕೆಲಸ, ಕಣ್ಣು ಕೀಳಲು ಆಗುವುದಿಲ್ಲ. ಆದರೆ ಅದಕ್ಕೆ ಜೇಬು ಸಣ್ಣದು, ಬಟ್ಟೆಯೂ ತೆಳು. ಪಕ್ಕದಲ್ಲಿ ಗಂಡಸರ ಕಂದು ಟ್ವೀಡ್ ಫೆರನ್ ನೇತಾಡುತ್ತಿತ್ತು. ಮುಂದೆ ಅರ್ಧ ಜಿಪ್, ಎರಡೂ ಕಡೆ ಕೈ ಪೂರ್ತಿ ಮುಳುಗುವ ಜೇಬು, ಮಂಡಿ ದಾಟುವ ಉದ್ದ. ಅದೇ ಬೇಕು ಅಂದೆ. "ಅದು ಗಂಡಸರದು ಬೇಟಾ" ಅಂದರು. ಚಳಿಗೆ ಗೊತ್ತಾಗಲ್ಲ ಅಂಕಲ್ ಅಂದೆ. ನಕ್ಕರು. 2,200 ಹೇಳಿ 1,850ಕ್ಕೆ ಕೊಟ್ಟರು.

ನೋಡಲು ಏನೂ ಆಕಾರ ಇಲ್ಲ. ವಿಡಿಯೋ ಕಾಲ್‌ನಲ್ಲಿ ಅಮ್ಮ ನೋಡಿದ ಕೂಡಲೇ, "ಏನಮ್ಮಾ ಅದು, ನೈಟಿ ಹಾಕ್ಕಂಡು ಕಾಲೇಜಿಗೆ ಹೊಂಟಿಯಾ?" ಅಂದರು. ಪಕ್ಕದಲ್ಲಿದ್ದ ಅಜ್ಜಿಗೆ ಮಾತ್ರ ತಕ್ಷಣ ಅರ್ಥವಾಯಿತು. ಅಜ್ಜಿ ಚಳ್ಳಕೆರೆ ಕಡೆಯವರು, ಕಂಬಳಿ ನೇಯುವ ಊರು. ಹೊಲಕ್ಕೆ ಹೋಗುವಾಗ ಮಳೆ ಬಂದರೆ ಕಂಬಳಿಯನ್ನೇ ಕೊಪ್ಪೆ ಮಾಡಿ ತಲೆಗೆ ಹಾಕಿಕೊಳ್ಳುತ್ತಿದ್ದರಂತೆ. "ಇದು ಹೊಲಿದ ಕೊಪ್ಪೆ ಅಲ್ವಾ" ಅಂದರು. ಇದಕ್ಕಿಂತ ಚೆನ್ನಾಗಿ ಫೆರನ್ ಬಗ್ಗೆ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಅದರ ಗುಟ್ಟು ಇರುವುದೇ ಆ ದೊಗಳೆತನದಲ್ಲಿ. ತೋಳಿನಿಂದ ಕೈ ಒಳಗೆ ಎಳೆದುಕೊಂಡು ಹೊಟ್ಟೆಯ ಹತ್ತಿರ ಇಟ್ಟುಕೊಳ್ಳಬಹುದು. ಖಾಲಿ ತೋಳುಗಳು ಎರಡೂ ಕಡೆ ಸುಮ್ನೆ ಜೋತಾಡುತ್ತಿರುತ್ತವೆ. ಕಾಲು ಮಡಚಿ ನೆಲದ ಮೇಲೆ ಕೂತರೆ ಮಂಡಿ, ಪಾದ ಎಲ್ಲವೂ ಅದರೊಳಗೆ. ಮೈಯ ಶಾಖಕ್ಕೆ ಒಳಗಿನ ಗಾಳಿಯೇ ಬೆಚ್ಚಗಾಗುತ್ತದೆ. ಜಾಕೆಟ್ ಒಂದು ಬಟ್ಟೆ, ಫೆರನ್ ಒಂದು ಸಣ್ಣ ಕೋಣೆ. ಒಳಗೆ ಒಂದು ಥರ್ಮಲ್, ಅಮ್ಮನ ಸ್ವೆಟರ್, ಮೇಲೆ ಇದು. ಅಷ್ಟೇ ನನ್ನ ಯೂನಿಫಾರ್ಮ್.

ಕೋಣೆ ಅಂದ ಮೇಲೆ ಒಲೆ ಬೇಡವೇ? ಅದೇ ಕಾಂಗ್ರಿ. ಬೆತ್ತದ ಥರ ಹೆಣೆದ ಬುಟ್ಟಿ, ಒಳಗೆ ಮಣ್ಣಿನ ಕುಡಿಕೆ, ಅದರಲ್ಲಿ ಕೆಂಡ. ನಮ್ಮ ಅಗ್ಗಿಷ್ಟಿಕೆಗೆ ಹಿಡಿ ಇಟ್ಟು ಕೈಯಲ್ಲಿ ಹಿಡಿಯುವ ಹಾಗೆ ಮಾಡಿದಂತಿದೆ. ಆಂಟಿ ನನಗೆ ಹಚ್ಚುವುದನ್ನು ಕಲಿಸಿದರು. ಕೆಳಗೆ ಇದ್ದಿಲು ಪುಡಿ, ಒಣಗಿದ ಚಿನಾರ್ ಎಲೆ ಸುಟ್ಟು ಮಾಡಿದ ಇದ್ದಿಲಾದರೆ ಇನ್ನೂ ಒಳ್ಳೆಯದು. ಮೇಲೆ ನಾಲ್ಕು ಕೆಂಡ, ಅದರ ಮೇಲೆ ಬೂದಿ. ಶಾಖ ಕಡಿಮೆ ಅನಿಸಿದಾಗ ಬುಟ್ಟಿಗೆ ಕಟ್ಟಿರುವ ಸಣ್ಣ ಸೌಟಿನಿಂದ ಕೆದಕಬೇಕು. ಬೂದಿ ಮುಚ್ಚಿದ ಕೆಂಡ ಅನ್ನುವ ಮಾತನ್ನು ಚಿಕ್ಕಂದಿನಿಂದ ಕೇಳಿದ್ದೆ. ಅದನ್ನು ಮಡಿಲಲ್ಲಿ ಇಟ್ಟುಕೊಂಡು ಮ್ಯಾಟ್ರಿಕ್ಸ್ ಲೆಕ್ಕ ಮಾಡುತ್ತೇನೆ ಅಂದುಕೊಂಡಿರಲಿಲ್ಲ.

ಆದರೆ ಕಾಂಗ್ರಿಗೆ ನಾನು ಅರ್ಧ ಮಾರ್ಕು ಮಾತ್ರ ಕೊಡುತ್ತೇನೆ. ಮೊದಲ ವಾರದಲ್ಲೇ ಕಿಡಿ ಹಾರಿ ಫೆರನ್ನಿನ ಒಳಬದಿಗೆ ಕಡಲೆಕಾಳಿನಷ್ಟು ತೂತಾಯಿತು. ಅದು ಸಣ್ಣದು. ವರ್ಷಗಟ್ಟಲೆ ತೊಡೆಗೆ, ಹೊಟ್ಟೆಗೆ ಶಾಖ ತಗಲಿ ಬರುವ ಚರ್ಮದ ಕ್ಯಾನ್ಸರಿಗೆ ಕಾಂಗ್ರಿ ಕ್ಯಾನ್ಸರ್ ಅಂತಲೇ ವೈದ್ಯರು ಹೆಸರಿಟ್ಟಿದ್ದಾರೆ. ಇನ್ನು ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಮಲಗುವ ಮಾತೇ ಬೇಡ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಆಂಟಿ ರಾತ್ರಿ ಹತ್ತಕ್ಕೆ ಮೇಲೆ ಬಂದು ನನ್ನ ಕಾಂಗ್ರಿಯನ್ನು ಕಿತ್ತುಕೊಂಡೇ ಹೋಗುತ್ತಾರೆ. ಮಲಗಲು ಎಲೆಕ್ಟ್ರಿಕ್ ಬ್ಲ್ಯಾಂಕೆಟ್ ಇದೆ. ಕರೆಂಟ್ ಇದ್ದರೆ ಸ್ವರ್ಗ. ಇಲ್ಲದಿದ್ದರೆ ಬಿಸಿನೀರಿನ ಚೀಲ.

ನಿಜವಾದ ಪರೀಕ್ಷೆ ಆದದ್ದು ಎರಡನೇ ವರ್ಷ. ಇಲ್ಲಿ ಡಿಸೆಂಬರ್ 21ರಿಂದ 40 ದಿನ ಚಿಲ್ಲೈ ಕಲಾನ್, ಅಂದರೆ ದೊಡ್ಡ ಚಳಿ. ಆಮೇಲೆ 20 ದಿನ ಚಿಲ್ಲೈ ಖುರ್ದ್, ಕೊನೆಗೆ 10 ದಿನ ಚಿಲ್ಲೈ ಬಚ್ಚಾ, ಮರಿ ಚಳಿ. ನಮ್ಮಲ್ಲಿ ಮಳೆಗೆ ನಕ್ಷತ್ರ ಲೆಕ್ಕ ಇಟ್ಟ ಹಾಗೆ ಇವರು ಚಳಿಗೆ ಲೆಕ್ಕ ಇಟ್ಟಿದ್ದಾರೆ. 2024ರಲ್ಲಿ ಆ ಮೊದಲ ದಿನದ ಬೆಳಗಿನ ಜಾವವೇ ಮೈನಸ್ 8.5ಕ್ಕೆ ಇಳಿಯಿತು. ಐವತ್ತು ವರ್ಷದಲ್ಲಿ ಡಿಸೆಂಬರಿನಲ್ಲಿ ಅಷ್ಟು ಚಳಿ ಆಗಿರಲಿಲ್ಲವಂತೆ. ನಲ್ಲಿ ತಿರುಗಿಸಿದರೆ ನೀರಿಲ್ಲ. ಓನರ್ ಅಂಕಲ್ ಪೇಪರ್ ಸುಟ್ಟು ಪೈಪಿಗೆ ಶಾಖ ಕೊಡುತ್ತಿದ್ದರು. ದಾಲ್ ಸರೋವರದ ಅಂಚು ಗಾಜಿನ ಹಾಗೆ ಹೆಪ್ಪುಗಟ್ಟಿತ್ತು. ಆ ದಿನವನ್ನು ಇಲ್ಲಿ ಈಚೆಗೆ ಫೆರನ್ ದಿನ ಅಂತಲೂ ಆಚರಿಸುತ್ತಾರೆ. ನಾನು ಪ್ರಾಜೆಕ್ಟ್ ಕೆಲಸಕ್ಕೆ ಉಳಿದಿದ್ದೆ. ಫೆರನ್ನಿನ ಒಳಗೆ ಕೂತು, ಉಪ್ಪು ಹಾಕಿದ ಗುಲಾಬಿ ಬಣ್ಣದ ನೂನ್ ಚಾಯ್ ಕುಡಿದು, ಬೆಳಗ್ಗಿನಿಂದ ಮಧ್ಯಾಹ್ನದವರೆಗೆ ಎದ್ದೇಳಲಿಲ್ಲ. ಮೂಗು ಒಂದು ಬಿಟ್ಟು ಎಲ್ಲವೂ ಬೆಚ್ಚಗಿತ್ತು. ಮೂಗಿಗೆ ಇನ್ನೂ ಯಾರೂ ಏನೂ ಕಂಡುಹಿಡಿದಿಲ್ಲ.

ದೂರುಗಳೂ ಇವೆ. ಗಾಳಿ ಬೀಸುವಾಗ ನಡೆದರೆ ಕೆಳಗಿನಿಂದ ಚಳಿ ನುಗ್ಗುತ್ತದೆ, ಆಗ ಉಣ್ಣೆ ಲೆಗ್ಗಿಂಗ್ಸ್ ಬೇಕೇ ಬೇಕು. ಪಾತ್ರೆ ತೊಳೆಯುವಾಗ ಅಗಲ ತೋಳು ನೀರಲ್ಲಿ ಅದ್ದುತ್ತದೆ, ಒಣಗಲು ಎರಡು ದಿನ. ಲ್ಯಾಬಿನಲ್ಲಿ ಮಿಷನ್ ಹತ್ತಿರ ಹಾಕುವ ಹಾಗಿಲ್ಲ, ಆ ನಿಯಮ ಸರಿಯೇ ಇದೆ. ಸ್ಕೂಟಿ ಓಡಿಸಲು ಆಗುವುದಿಲ್ಲ. ಮಳೆಯಲ್ಲಿ ನೆನೆದರೆ ಎರಡರಷ್ಟು ಭಾರ, ಮೇಲೆ ಕುರಿಮಂದೆಯ ವಾಸನೆ. ಹೊರಗೆ ಓಡಾಟ ಜಾಸ್ತಿ ಇದ್ದರೆ ಜಾಕೆಟ್ಟೂ ಬೇಕು. ಭಾನುವಾರ ರೆಸಿಡೆನ್ಸಿ ರಸ್ತೆ ಕಡೆ ಕೂಡುವ ಸಂಡೇ ಮಾರ್ಕೆಟ್ಟಿನಲ್ಲಿ ನಾನು 600 ರೂಪಾಯಿಗೆ ಹಳೆಯದೊಂದು ತಂದೆ. ಆ 3,400ರದ್ದಕ್ಕಿಂತ ಗಟ್ಟಿ ಇದೆ.

ಕೊಳ್ಳುವವರಿಗೆ ಒಂದೇ ಮಾತು. ಅಂಗಡಿಯಲ್ಲೇ ನೆಲದ ಮೇಲೆ ಕೂತು ನೋಡಿ. ಮಂಡಿ ಮುಚ್ಚಬೇಕು, ಕೈ ಒಳಗೆ ಹೋಗಿ ತಡವರಿಸದೆ ವಾಪಸ್ ಬರಬೇಕು. ನಿಂತು ಕನ್ನಡಿಯಲ್ಲಿ ನೋಡಿ ಕೊಂಡರೆ ನಿಮ್ಮ ಅಳತೆಗೆ ಸರಿಯಾದದ್ದು ತರುತ್ತೀರಿ, ಅದು ತಪ್ಪು ಸೈಜು.

ಈ ಸಲ ಊರಿಗೆ ಹೊರಡುವ ಮೊದಲು, ನಿನಗೂ ಒಂದು ತರಲಾ ಅಂತ ಅಮ್ಮನನ್ನು ಕೇಳಿದೆ.

"ಎಲ್ಲಿ ಹಾಕ್ಕಳ್ಳದು? ಫ್ರಿಜ್ಜಿನೊಳಗಾ?" ಅಂದರು.