ಆರೋಗ್ಯ ಸಂಜೀವಿನಿ ಪಾಲಿಸಿ: ಶಿಕ್ಷಣ ಸಾಲ ಕಟ್ಟುತ್ತಿರುವವರಿಗೆ ಸಾಕಾಗುತ್ತದೆಯೇ?

ಶಿಕ್ಷಣ ಸಾಲವನ್ನು ಬೇಗ ತೀರಿಸಲೇಬೇಕೆಂದು ಹಟ ಹಿಡಿದವರು ಮೊದಲು ಕೈಬಿಡುವ ಖರ್ಚು ಆರೋಗ್ಯ ವಿಮೆಯದು. ವಯಸ್ಸು ಚಿಕ್ಕದು, ಕಾಯಿಲೆಯಿಲ್ಲ, ಆ ದುಡ್ಡನ್ನೂ ಸಾಲಕ್ಕೇ ಹಾಕಿದರಾಯಿತು ಎಂಬ ಲೆಕ್ಕ. ಈ ಲೆಕ್ಕದಲ್ಲಿ ಒಂದು ದೊಡ್ಡ ತಪ್ಪಿದೆ. ಅಸಲಿಗೆಂದು ಬ್ಯಾಂಕಿಗೆ ಕಟ್ಟಿದ ಹಣ ಮತ್ತೆ ಕೈಗೆ ಬರುವುದಿಲ್ಲ. ಬೈಕಿನಿಂದ ಬಿದ್ದು ಕಾಲು ಮುರಿದರೆ ಆಸ್ಪತ್ರೆಗೆ ಕಟ್ಟಲು ಪರ್ಸನಲ್ ಲೋನೇ ಗತಿ, ಅದರ ಬಡ್ಡಿ ಶಿಕ್ಷಣ ಸಾಲದ ಬಡ್ಡಿಗಿಂತ ಹೆಚ್ಚು. ಹಾಗಾಗಿ ವಿಮೆಯನ್ನು ಸಾಲ ತೀರಿಸುವ ಯೋಜನೆಯ ಒಳಗೇ ಸೇರಿಸಿಕೊಳ್ಳಬೇಕು. ಕಡಿಮೆ ಪ್ರೀಮಿಯಂನಲ್ಲಿ ಆ ಕೆಲಸ ಮಾಡಬಲ್ಲ ಪಾಲಿಸಿ ಆರೋಗ್ಯ ಸಂಜೀವಿನಿ. ಅದರ ಒಂದೆರಡು ಷರತ್ತುಗಳನ್ನು ತಿಳಿಯದೆ ಕೊಂಡರೆ ಮಾತ್ರ ಆಸ್ಪತ್ರೆಯ ಬಿಲ್ಲಿನ ಮುಂದೆ ಕಂಗಾಲಾಗಬೇಕಾಗುತ್ತದೆ.

ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ಈ ಪಾಲಿಸಿಯನ್ನು ರೂಪಿಸಿ, 2020ರ ಏಪ್ರಿಲ್ 1ರಿಂದ ಮಾರಾಟಕ್ಕೆ ಬಿಡುವಂತೆ ವಿಮಾ ಕಂಪನಿಗಳಿಗೆ ಸೂಚಿಸಿತು. ಯಾವ ಕಂಪನಿಯಿಂದ ಕೊಂಡರೂ ಸೌಲಭ್ಯ, ಷರತ್ತು ಎಲ್ಲ ಒಂದೇ. ಬೇರೆಯಾಗುವುದು ಪ್ರೀಮಿಯಂ, ನಗದುರಹಿತ ಆಸ್ಪತ್ರೆಗಳ (ಬಿಲ್ಲನ್ನು ಕಂಪನಿಯೇ ನೇರವಾಗಿ ಕಟ್ಟುವ ಆಸ್ಪತ್ರೆಗಳ) ಪಟ್ಟಿ ಮತ್ತು ಕ್ಲೇಮ್ ವಿಲೇವಾರಿಯ ಗುಣಮಟ್ಟ. ಊರಿಗೊಂದು ದರ ಹಾಕುವಂತಿಲ್ಲ: ಬೆಂಗಳೂರಿನಲ್ಲಿ ದುಡಿಯುವವರಿಗೂ ಬೀದರ್‌ನಲ್ಲಿರುವವರಿಗೂ ಒಂದೇ ಕಂಪನಿಯಲ್ಲಿ ಒಂದೇ ಪ್ರೀಮಿಯಂ. ದೊಡ್ಡ ನಗರದಲ್ಲಿರುವವರಿಗೆ ಇದು ನಿಜವಾದ ಲಾಭ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇ. 18 ಜಿಎಸ್‌ಟಿಯೂ ಇಲ್ಲವಾಗಿದೆ. ಕೊಳ್ಳುವ ಮುನ್ನ ಮೂರ್ನಾಲ್ಕು ಕಂಪನಿಗಳ ದರ ನೋಡಿ, ನಿಮ್ಮ ಮನೆಗೆ ಹತ್ತಿರದ ಎರಡು ಒಳ್ಳೆಯ ಆಸ್ಪತ್ರೆಗಳು ಆ ಕಂಪನಿಯ ಪಟ್ಟಿಯಲ್ಲಿವೆಯೇ ಎಂದು ಖಚಿತಪಡಿಸಿಕೊಳ್ಳಿ. ಕೆಲವು ನೂರು ರೂಪಾಯಿ ಉಳಿಸುವುದಕ್ಕಿಂತ ಇದು ಮುಖ್ಯ.

18ರಿಂದ 65 ವರ್ಷದವರು ಸೇರಬಹುದು, ಆಮೇಲೆ ಜೀವನಪೂರ್ತಿ ನವೀಕರಿಸಬಹುದು. ದಾಖಲಾಗುವ ಮುಂಚಿನ 30 ದಿನ, ಬಿಡುಗಡೆಯ ನಂತರದ 60 ದಿನಗಳ ಚಿಕಿತ್ಸಾ ಖರ್ಚು ಸೇರುತ್ತದೆ. ಡೇ ಕೇರ್ ಚಿಕಿತ್ಸೆ (ಒಂದೇ ದಿನದೊಳಗೆ ಮುಗಿಯುವಂಥದ್ದು), ಆಯುಷ್ ಆಸ್ಪತ್ರೆಯ ಒಳರೋಗಿ ಚಿಕಿತ್ಸೆ ಇವೆ. ಆಂಬುಲೆನ್ಸ್‌ಗೆ ಪ್ರತಿ ದಾಖಲಾತಿಗೆ 2,000 ರೂಪಾಯಿ. ರೋಬೋಟಿಕ್ ಶಸ್ತ್ರಚಿಕಿತ್ಸೆಯಂಥ ಕೆಲವು ಆಧುನಿಕ ವಿಧಾನಗಳಿಗೆ ವಿಮಾ ಮೊತ್ತದ ಅರ್ಧದವರೆಗೆ ಮಾತ್ರ. ಹೆರಿಗೆ ಇಲ್ಲ, ಹೊರರೋಗಿ ಖರ್ಚು ಇಲ್ಲ.

ಈಗ ನಿಜವಾಗಿ ಕೂತು ಅರ್ಥಮಾಡಿಕೊಳ್ಳಬೇಕಾದ ಷರತ್ತು: ಕೊಠಡಿ ಬಾಡಿಗೆ. ಕೊಠಡಿ, ಊಟ, ನರ್ಸಿಂಗ್ ಮೂರೂ ಸೇರಿ ದಿನಕ್ಕೆ ವಿಮಾ ಮೊತ್ತದ ಶೇ. 2, ಗರಿಷ್ಠ 5,000 ರೂಪಾಯಿ. ಐಸಿಯುಗೆ ಶೇ. 5, ಗರಿಷ್ಠ 10,000. ಇದಕ್ಕಿಂತ ದುಬಾರಿ ಕೊಠಡಿ ಹಿಡಿದರೆ ಬಾಡಿಗೆಯ ವ್ಯತ್ಯಾಸವನ್ನಷ್ಟೇ ಕೈಯಿಂದ ಕಟ್ಟಬೇಕಾದೀತು ಎಂದು ಬಹಳ ಜನ ಭಾವಿಸುತ್ತಾರೆ. ಹಾಗಲ್ಲ. ಕೊಠಡಿಯ ದರ್ಜೆಗೆ ತಕ್ಕಂತೆ ವೈದ್ಯರ ಶುಲ್ಕ, ಆಪರೇಷನ್ ಥಿಯೇಟರ್ ಶುಲ್ಕ ಏರುವ ಆಸ್ಪತ್ರೆಗಳಲ್ಲಿ, ಆ ಶುಲ್ಕಗಳನ್ನೂ ಅದೇ ಅನುಪಾತದಲ್ಲಿ ಕತ್ತರಿಸುತ್ತಾರೆ.

ಲೆಕ್ಕ ಹಾಕಿ ನೋಡಿ. ವಿಮಾ ಮೊತ್ತ 5 ಲಕ್ಷ, ಹಿಡಿದ ಕೊಠಡಿ ದಿನಕ್ಕೆ 8,000 ರೂಪಾಯಿ, ನಾಲ್ಕು ದಿನ. ಬಾಡಿಗೆ 32,000. ಶಸ್ತ್ರವೈದ್ಯರು, ಥಿಯೇಟರ್, ಅರಿವಳಿಕೆ 1,20,000. ಔಷಧ, ಇಂಪ್ಲಾಂಟ್, ಪರೀಕ್ಷೆಗಳು 60,000. ಒಟ್ಟು 2,12,000. ಐದು ಸಾವಿರವನ್ನು ಎಂಟು ಸಾವಿರದಿಂದ ಭಾಗಿಸಿದರೆ ಶೇ. 62.5. ಬಾಡಿಗೆಯಲ್ಲಿ 20,000, ಶುಲ್ಕದಲ್ಲಿ 75,000 ಮಾತ್ರ ಒಪ್ಪಿತ. ಔಷಧ, ಇಂಪ್ಲಾಂಟ್, ಪರೀಕ್ಷೆಗಳಿಗೆ ಈ ಕಡಿತ ತಟ್ಟುವುದಿಲ್ಲ ಎಂದಿಟ್ಟುಕೊಂಡರೆ ಒಪ್ಪಿತ ಮೊತ್ತ 1,55,000. ಇದರ ಮೇಲೆ ಪ್ರತಿ ಕ್ಲೇಮ್‌ಗೂ ಇರುವ ಶೇ. 5 ಸಹಪಾವತಿ (ಒಪ್ಪಿತ ಮೊತ್ತದಲ್ಲಿ ನೀವೇ ಭರಿಸಬೇಕಾದ ಪಾಲು), ಅಂದರೆ 7,750 ಕಳೆದು ಕಂಪನಿ ಕೊಡುವುದು 1,47,250. ನಿಮ್ಮ ಕೈಯಿಂದ 64,750. ಅದೇ ಚಿಕಿತ್ಸೆಗೆ 5,000 ರೂಪಾಯಿಯ ಕೊಠಡಿ ಹಿಡಿದಿದ್ದರೆ, ಉಳಿದ ಶುಲ್ಕ ಒಂದು ಪೈಸೆ ಇಳಿಯದಿದ್ದರೂ, ಬಿಲ್ಲು 2,00,000, ನಿಮ್ಮ ಪಾಲು 10,000. ಗ್ಲೌಸ್‌ನಂಥ ವಿಮೆಗೆ ಸೇರದ ಸಣ್ಣ ಸಾಮಗ್ರಿಗಳ ಖರ್ಚು ಎರಡರಲ್ಲೂ ಬೇರೆ. ದಾಖಲಾಗುವಾಗ ಕೌಂಟರಿನಲ್ಲಿ "ನರ್ಸಿಂಗ್ ಸೇರಿ ದಿನಕ್ಕೆ 5,000ದ ಒಳಗಿನ ಕೊಠಡಿ ಕೊಡಿ" ಎಂದು ಕೇಳಬೇಕು. ಜೊತೆಗೆ ಬರುವ ಮನೆಯವರಿಗೂ ಇದು ಗೊತ್ತಿರಲಿ, ಏಕೆಂದರೆ ಆ ಹೊತ್ತಿನಲ್ಲಿ ಫಾರ್ಮಿಗೆ ಸಹಿ ಹಾಕುವವರು ಅವರೇ.

ಇನ್ನೊಂದು ಸೂಕ್ಷ್ಮ. ಶೇ. 2ರ ಲೆಕ್ಕ 2.5 ಲಕ್ಷಕ್ಕೇ 5,000 ಮುಟ್ಟುತ್ತದೆ. ವಿಮಾ ಮೊತ್ತ 10 ಲಕ್ಷದವರೆಗೂ ಸಿಗುತ್ತದಾದರೂ ಕೊಠಡಿಯ ಮಿತಿ ಅಲ್ಲಿಂದ ಮೇಲೇಳುವುದಿಲ್ಲ. ಒಂಟಿಯಾಗಿರುವ, ಸಾಲವಿರುವ ಯುವಕ ಯುವತಿಯರಿಗೆ 5 ಲಕ್ಷ ಸರಿಯಾದ ಆಯ್ಕೆ. ಇನ್ನಷ್ಟು ರಕ್ಷಣೆ ಬೇಕೆನಿಸಿದರೆ 5 ಲಕ್ಷ ಡಿಡಕ್ಟಿಬಲ್ ಇರುವ ಸೂಪರ್ ಟಾಪ್-ಅಪ್, ಅಂದರೆ ವರ್ಷದ ಆಸ್ಪತ್ರೆ ಖರ್ಚು 5 ಲಕ್ಷ ದಾಟಿದ ಮೇಲಿನದನ್ನು ಭರಿಸುವ ಪಾಲಿಸಿ ಸೇರಿಸುವುದು ಅಗ್ಗ. ಒಂದು ಲಕ್ಷದ ಪಾಲಿಸಿ ಮಾತ್ರ ಬೇಡ: ಕೊಠಡಿಯ ಮಿತಿ 2,000ಕ್ಕೆ ಇಳಿಯುತ್ತದೆ, ನಗರದ ಖಾಸಗಿ ಆಸ್ಪತ್ರೆಗಳಲ್ಲಿ ಆ ದರಕ್ಕೆ ಕೊಠಡಿ ಸಿಗುವುದು ಕಷ್ಟ.

ಮೊದಲ 30 ದಿನ ಅಪಘಾತಕ್ಕೆ ಮಾತ್ರ ರಕ್ಷಣೆ. ಹರ್ನಿಯಾ, ಮೂಲವ್ಯಾಧಿಯಂಥ ಪಟ್ಟಿ ಮಾಡಿದ ಕಾಯಿಲೆಗಳಿಗೆ 24 ತಿಂಗಳು ಕಾಯಬೇಕು. ಮೊದಲೇ ಇದ್ದ ಕಾಯಿಲೆಗೆ ಹಿಂದೆ 48 ತಿಂಗಳಿತ್ತು, 2024ರ ನಿಯಮದಿಂದ ಗರಿಷ್ಠ 36. ಥೈರಾಯ್ಡ್, ಆಸ್ತಮಾ ಏನಿದ್ದರೂ ಅರ್ಜಿಯಲ್ಲಿ ಬರೆಯಿರಿ. ಮುಚ್ಚಿಟ್ಟ ಕಾಯಿಲೆ ಕ್ಲೇಮ್ ತಿರಸ್ಕರಿಸಲು ಕಂಪನಿಗೆ ಸಿಗುವ ಸುಲಭದ ಕಾರಣ.

"ಆಫೀಸಿನ ವಿಮೆ ಇದೆಯಲ್ಲ" ಎನ್ನುವವರಿಗೆ: ಅದು ಕೆಲಸದ ಜೊತೆಗೇ ಹೋಗುತ್ತದೆ. ಕೆಲಸ ಹೋದ ತಿಂಗಳು ಕಂತು ಕಟ್ಟುವುದೇ ಕಷ್ಟವಿರುವಾಗ ವಿಮೆಯೂ ಇಲ್ಲದಂತಾಗಬಾರದು. ಇನ್ನು, ಸಾಲ ಕೊಡುವಾಗ ಬ್ಯಾಂಕು ಸೇರಿಸುವ ವಿಮೆ ಸಾಮಾನ್ಯವಾಗಿ ಜೀವವಿಮೆ. ಸಾಲಗಾರ ತೀರಿಕೊಂಡರೆ ಅದು ಸಾಲವನ್ನು ಚುಕ್ತಾ ಮಾಡುತ್ತದೆ, ಆಸ್ಪತ್ರೆಯ ಬಿಲ್ಲಿಗೂ ಅದಕ್ಕೂ ಸಂಬಂಧವಿಲ್ಲ. ಸಾಲದ ಕಾಗದಗಳನ್ನು ತೆಗೆದು ಒಮ್ಮೆ ನೋಡಿ.

ಪಾಲಿಸಿ ಕೈಗೆ ಬಂದ ಮೇಲೆ ಸಾಲದ ಮೂರು ಕಂತಿನಷ್ಟು ಹಣವನ್ನು ಉಳಿತಾಯ ಖಾತೆಯಲ್ಲಿ ಬೇರೆ ಇಡಿ. ಸಹಪಾವತಿ, ವಿಮೆಗೆ ಸೇರದ ಖರ್ಚು ಇಲ್ಲಿಂದ ಹೋಗಲಿ. ಅದರಾಚೆಗೆ ಉಳಿದದ್ದೆಲ್ಲ ಅಸಲಿಗೆ. 6 ಲಕ್ಷ ಸಾಲ, ಶೇ. 10 ಬಡ್ಡಿ, 84 ತಿಂಗಳಾದರೆ ಕಂತು ಸುಮಾರು 9,961 ರೂಪಾಯಿ, ಒಟ್ಟು ಬಡ್ಡಿ ಸುಮಾರು 2.37 ಲಕ್ಷ. ತಿಂಗಳಿಗೆ 3,000 ಹೆಚ್ಚು ಕಟ್ಟಿದರೆ 59 ತಿಂಗಳಲ್ಲಿ ಸಾಲ ಮುಗಿದು ಸುಮಾರು 75,000 ರೂಪಾಯಿ ಬಡ್ಡಿ ಉಳಿಯುತ್ತದೆ. ಶಿಕ್ಷಣ ಸಾಲವೂ ಸೇರಿದಂತೆ ಬಡ್ಡಿದರ ಬದಲಾಗುವ ವೈಯಕ್ತಿಕ ಸಾಲಗಳಿಗೆ ಅವಧಿಪೂರ್ವ ಪಾವತಿಯ ದಂಡ ಹಾಕುವಂತಿಲ್ಲ. ಹೆಚ್ಚುವರಿ ಹಣ ಕಟ್ಟುವಾಗ ಅದು ಅಸಲಿಗೆ ಜಮೆಯಾಗಬೇಕು, ಕಂತಿನ ಮೊತ್ತ ಹಾಗೇ ಇದ್ದು ಅವಧಿ ಕಡಿಮೆಯಾಗಬೇಕು ಎಂದು ಶಾಖೆಗೆ ಬರಹದಲ್ಲಿ ಕೊಡಿ. ಇಲ್ಲವಾದರೆ ಮುಂದಿನ ಕಂತಿನ ಮುಂಗಡವೆಂದು ಹಿಡಿದುಕೊಳ್ಳುವುದುಂಟು. ವಾರದೊಳಗೆ ಸಾಲದ ಸ್ಟೇಟ್‌ಮೆಂಟ್ ತೆಗೆಸಿ ಅಸಲು ಇಳಿದಿದೆಯೇ ನೋಡಿ. ಶಿಕ್ಷಣ ಸಾಲದ ಬಡ್ಡಿಗೆ ಸಿಗುವ, 80ಇ ಎಂದೇ ಪರಿಚಿತವಾದ ಆದಾಯ ತೆರಿಗೆ ವಿನಾಯಿತಿಗಾಗಿ ಸಾಲ ಉಳಿಸಿಕೊಳ್ಳುವುದು ಬೇಡ. ಅದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ, ಎಂಟು ವರ್ಷಕ್ಕೆ ಮಾತ್ರ, ಬಡ್ಡಿಗೆ ಮಾತ್ರ. ಶೇ. 20ರ ಹಂತದಲ್ಲಿರುವವರಿಗೂ ಕಟ್ಟಿದ ಬಡ್ಡಿಯ ಐದನೇ ಒಂದು ಪಾಲಷ್ಟೇ ಉಳಿಯುತ್ತದೆ.

ಕ್ಲೇಮ್ ವಿಷಯಕ್ಕೆ ಬಂದರೆ, ಯೋಜಿತ ಚಿಕಿತ್ಸೆಗೆ 48 ಗಂಟೆ ಮುಂಚೆ, ತುರ್ತು ದಾಖಲಾತಿಯಾದ 24 ಗಂಟೆಯೊಳಗೆ ಕಂಪನಿಗೆ ತಿಳಿಸಬೇಕು. ಕೈಯಿಂದ ಕಟ್ಟಿ ಮರುಪಾವತಿ ಕೇಳುವುದಾದರೆ ಬಿಡುಗಡೆಯಾದ 30 ದಿನದೊಳಗೆ ಮೂಲ ಬಿಲ್, ಡಿಸ್ಚಾರ್ಜ್ ಸಮ್ಮರಿ, ವರದಿಗಳು ತಲುಪಬೇಕು. ತಕರಾರಾದರೆ ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಕ್ಲೇಮ್ ಇಲ್ಲದ ಪ್ರತಿ ವರ್ಷಕ್ಕೆ ವಿಮಾ ಮೊತ್ತ ಶೇ. 5 ಏರುತ್ತದೆ, ಗರಿಷ್ಠ ಶೇ. 50. ಸಾಲ ಮುಗಿದು ಕಂತಿನ ಹಣ ಕೈಗೆ ಉಳಿಯತೊಡಗಿದಾಗ ಕೊಠಡಿ ಮಿತಿಯಿಲ್ಲದ ಪಾಲಿಸಿಗೆ ಪೋರ್ಟ್ ಮಾಡಿಸಿಕೊಳ್ಳಿ, ಅಂದರೆ ಈ ಪಾಲಿಸಿಯನ್ನು ಬೇರೆ ಕಂಪನಿಗೆ ವರ್ಗಾಯಿಸಿಕೊಳ್ಳಿ. ಅರ್ಜಿಯನ್ನು ನವೀಕರಣಕ್ಕೆ ಒಂದೂವರೆ ತಿಂಗಳು ಮುಂಚೆಯೇ ಕೊಟ್ಟರೆ ಈ ಪಾಲಿಸಿಯಲ್ಲಿ ಕಳೆದ ಕಾಯುವ ಅವಧಿ ಹೊಸದರಲ್ಲೂ ಲೆಕ್ಕಕ್ಕೆ ಬರುತ್ತದೆ. ಹೊಸ ಕಂಪನಿ ಒಪ್ಪಿ ಪಾಲಿಸಿ ಪತ್ರ ಕೊಡುವವರೆಗೆ ಹಳೆಯದನ್ನು ಬಿಡಬೇಡಿ.